ಏಕವಚನ ಅಸ್ತ್ರವಾಗುವುದು ಯಾವ ಗಳಿಗೆಯಲ್ಲಿ?

ಬೆಟಗೇರಿಯ ಓದುಗ:

ಭಾಷೆ ಆಯುಧವಾಗುತ್ತದೆ ಎಂದರೆ ನಮ್ಮ ಭಾಗದಲ್ಲಿ ಮಾತು ಕೂಡಲೇ ಗಡಿಯ ಕಡೆಗೋ ಅಂಗಡಿಗಳ ನಾಮಫಲಕದ ಕಡೆಗೋ ಹೊರಳುತ್ತದೆ. ಅದು ಸಹಜವೂ ಹೌದು. ಮುಂಬಯಿ ಪ್ರಾಂತದಲ್ಲಿದ್ದಾಗ ಕನ್ನಡದ ಮಕ್ಕಳು ಮರಾಠಿಯಲ್ಲಿ ಅಕ್ಷರ ಕಲಿತ ಸೀಮೆ ಇದು. ಆಗ ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಪಟ್ಟ ಶ್ರಮ, 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, 1953ರಲ್ಲಿ ಹುಬ್ಬಳ್ಳಿ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡರು ಏಕೀಕರಣಕ್ಕಾಗಿ ಕುಳಿತ ಉಪವಾಸ, ಇವೆಲ್ಲ ಆ ಗಾಯದಿಂದಲೇ ಬಂದವು. ಆದರೆ ನಾನು ಇಲ್ಲಿ ಕೇಳಬೇಕೆಂದಿರುವುದು ಒಂದು ಭಾಷೆ ಇನ್ನೊಂದರ ಮೇಲೆ ಏರಿ ಬರುವ ಸಂಗತಿಯನ್ನಲ್ಲ. ಕನ್ನಡದೊಳಗೇ ಇರುವ, ಕನ್ನಡಿಗನೇ ಕನ್ನಡಿಗನ ಮೇಲೆ ಎತ್ತುವ ಆಯುಧದ ಬಗ್ಗೆ ನನ್ನ ಪ್ರಶ್ನೆ.

ಕಳೆದ ತಿಂಗಳು ಹೊಲದ ಉತಾರ (ಪಹಣಿ) ತರಲು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ನನ್ನ ಮುಂದೆ ಪಾಳಿಯಲ್ಲಿ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಮಾಸಿದ ದೋತರ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟ ಕಾಗದಗಳು. ಕಿಟಕಿಯ ಆಚೆ ಕುಳಿತವನಿಗೆ ಇಪ್ಪತ್ತೈದು ಇರಬಹುದು. "ಏ, ಅಲ್ಲೇ ನಿಂದ್ರೋ. ಆಧಾರ ಎಲ್ಲೈತಿ ನಿಂದು?" ಎಂದ. "ಇಲ್ಲೈತ್ರಿ ಸಾಹೇಬ್ರ" ಎಂದು ಆ ಹಿರಿಯರು ಚೀಲದೊಳಗೆ ಕೈಹಾಕಿ ತಡಕಾಡತೊಡಗಿದರು. ಅವರ ಕೆಲಸ ಮುಗಿಯುವ ಮೊದಲೇ ನನ್ನ ಇಸ್ತ್ರಿ ಮಾಡಿದ ಅಂಗಿಯನ್ನು ನೋಡಿ ಅದೇ ಬಾಯಿ "ಬರ್ರಿ ಸರ, ನಿಮ್ದೇನ್ರಿ?" ಎಂದಿತು. ಮುಜುಗರವಾಯಿತು ಎಂದು ಬರೆದರೆ ಅರ್ಧ ಸತ್ಯವಾದೀತು; ಒಂದು ಕ್ಷಣ ಹಿತವೂ ಆಯಿತು.

ಹಾಗೆ ನೋಡಿದರೆ ನಮ್ಮಲ್ಲಿ ಏಕವಚನ ತಪ್ಪಲ್ಲ. ಹಡೆದವ್ವನನ್ನು "ನೀ" ಎನ್ನುತ್ತೇವೆ, ದೇವರನ್ನು "ನೀ" ಎನ್ನುತ್ತೇವೆ, ನಲವತ್ತು ವರ್ಷದ ಗೆಳೆಯ ಒಮ್ಮೆ "ರೀ" ಎಂದರೆ ಏನೋ ಸಿಟ್ಟಾಗಿದ್ದಾನೆ ಎಂದು ತಿಳಿಯುತ್ತೇವೆ. ಹಾಗಿದ್ದರೆ ಅದೇ "ನೀ" ಯಾವ ಗಳಿಗೆಯಲ್ಲಿ ಅಸ್ತ್ರವಾಗುತ್ತದೆ? ವೇದಿಕೆಯ ಮೇಲೆ ರಾಜಕಾರಣಿಗಳು ಪರಸ್ಪರ ಏಕವಚನ ಪ್ರಯೋಗಿಸಿದರೆ ಮರುದಿನ ದೊಡ್ಡ ಸುದ್ದಿಯಾಗುತ್ತದೆ. ಆ ಹಿರಿಯರ ಮೇಲೆ ದಿನಕ್ಕೆ ಹತ್ತು ಸಲ ಪ್ರಯೋಗವಾಗುವುದು ಏಕೆ ಸುದ್ದಿಯಲ್ಲ? ಕಾನೂನು ಬಲ್ಲವರೂ ಪತ್ರಿಕೆಗಳಲ್ಲಿ ದುಡಿದವರೂ ಉತ್ತರಿಸಿದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿ ಡೆಸ್ಕ್:

ಸರ್, ಕೊನೆಯ ಪ್ರಶ್ನೆಗೆ ನಾನು ತಪ್ಪೊಪ್ಪಿಗೆಯ ರೂಪದಲ್ಲೇ ಉತ್ತರಿಸಬೇಕಾಗುತ್ತದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹುಬ್ಬಳ್ಳಿಯ ಒಂದು ಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ನಿಮ್ಮ ಕಿಟಕಿಯ ಹುಡುಗ ಬಾಯಲ್ಲಿ ಮಾಡಿದ್ದನ್ನು ನಾವು ಅಚ್ಚಿನಲ್ಲಿ ಮಾಡುತ್ತಿದ್ದೆವು.

ಉದ್ಯಮಿಯೊಬ್ಬರು ತೀರಿಕೊಂಡರೆ "ನಿಧನರಾದರು". ಕಟ್ಟಡದಿಂದ ಬಿದ್ದ ಗೌಂಡಿ ತೀರಿಕೊಂಡರೆ "ಮೃತಪಟ್ಟಿದ್ದಾನೆ". ಇಬ್ಬರೂ ಒಂದೇ ದಿನ, ಒಂದೇ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೂ ಒಬ್ಬರಿಗೆ ಬಹುವಚನ, ಇನ್ನೊಬ್ಬನಿಗೆ ಏಕವಚನ. ಇದನ್ನು ಯಾರೂ ನಿಯಮವಾಗಿ ಬರೆದಿಟ್ಟಿರಲಿಲ್ಲ, ಆದರೆ ಹೊಸದಾಗಿ ಬಂದ ಹುಡುಗರೂ ಒಂದು ವಾರದಲ್ಲಿ ಕಲಿತುಬಿಡುತ್ತಿದ್ದರು. ಸೈಕಲ್ ಕದ್ದ ಆರೋಪದ ಮೇಲೆ ಸಿಕ್ಕವನು "ಬಂಧಿತ ಆರೋಪಿ, ಈತ". ಕೋಟಿಗಟ್ಟಲೆ ಹಣ ನುಂಗಿದ ಆರೋಪ ಹೊತ್ತ ಮುಖಂಡರು ಜೈಲಿನ ಬಾಗಿಲು ದಾಟುವಾಗಲೂ "ಅವರು". ನ್ಯಾಯಾಲಯ ಇಬ್ಬರನ್ನೂ ಆಗಿನ್ನೂ ಅಪರಾಧಿಗಳೆಂದು ಹೇಳಿರುವುದಿಲ್ಲ. ಕ್ರಿಯಾಪದ ಮಾತ್ರ ಮೊದಲೇ ತೀರ್ಪು ಕೊಟ್ಟಿರುತ್ತದೆ. ಒಮ್ಮೆ ರಾತ್ರಿಪಾಳಿಯಲ್ಲಿ ನಾನು ಸತ್ತ ಪೌರಕಾರ್ಮಿಕರೊಬ್ಬರಿಗೆ "ಮೃತಪಟ್ಟಿದ್ದಾರೆ" ಎಂದು ಹಾಕಿದ್ದೆ. ಪುಟ ನೋಡುತ್ತಿದ್ದ ಹಿರಿಯರು, ಎಷ್ಟು ಜನ ಸತ್ತರು, ಶೀರ್ಷಿಕೆಯಲ್ಲಿ ಸಂಖ್ಯೆ ಬಿಟ್ಟುಹೋಗಿದೆಯಲ್ಲ ಎಂದು ಕೇಳಿದರು. ಅವರು ವ್ಯಂಗ್ಯವಾಡುತ್ತಿರಲಿಲ್ಲ, ನಿಜವಾಗಿಯೂ ಹಾಗೆಂದುಕೊಂಡಿದ್ದರು.

ರಾಜಕಾರಣಿಗಳ ಏಕವಚನದ ಬಗ್ಗೆ ಒಂದು ಮಾತು. ಅದು ಬಾಯಿತಪ್ಪಿ ಬರುವುದು ಅಪರೂಪ. ಕೆಳಗೆ ಕುಳಿತವರ ಚಪ್ಪಾಳೆಯನ್ನು ಲೆಕ್ಕಹಾಕಿಯೇ ಅದನ್ನು ಆಡುತ್ತಾರೆ. ಟೀಕೆ ಬಂದರೆ "ನಮ್ಮದು ಗಂಡುಮೆಟ್ಟಿದ ನಾಡಿನ ಭಾಷೆ, ಮಾತು ಒರಟಾದರೂ ಮನಸ್ಸು ಸ್ವಚ್ಛ" ಎಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಧಾರವಾಡದ ಮಾತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕೂಸಿಗೂ "ಬರ್ರಿ, ಕೂಡ್ರಿ" ಎನ್ನುವ ಭಾಷೆ ಇದು. ಆ ಒರಟು ಪ್ರೀತಿಯನ್ನು ಅದೇ ನಾಯಕರು ದಿಲ್ಲಿಯ ವರಿಷ್ಠರ ಮೇಲೆ ಯಾವತ್ತಾದರೂ ಪ್ರಯೋಗಿಸಿದ್ದನ್ನು ನಾನಂತೂ ವರದಿ ಮಾಡಿಲ್ಲ.

ಹಾವೇರಿ ವಕೀಲ:

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಬರಿಯ ಏಕವಚನಕ್ಕೆ ಶಿಕ್ಷೆಯಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989ರ 3(1)ನೇ ಕಲಮಿನಲ್ಲಿ ಎರಡು ಉಪಖಂಡಗಳು ಇಂಥ ಮಾತಿಗೆ ಸಂಬಂಧಿಸಿದವು: ಸಾರ್ವಜನಿಕರಿಗೆ ಕಾಣುವ ಸ್ಥಳದಲ್ಲಿ ಅಪಮಾನಗೊಳಿಸುವ ಉದ್ದೇಶದಿಂದಲೇ ನಿಂದಿಸುವುದು ಒಂದು, ಅಂಥ ಸ್ಥಳದಲ್ಲಿ ಜಾತಿಯ ಹೆಸರು ಹಿಡಿದು ಬೈಯುವುದು ಇನ್ನೊಂದು. ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಇದರಡಿ ಬರುವುದಿಲ್ಲವೆಂದೂ, ಆ ನಿಂದನೆ ಜಾತಿಯ ಕಾರಣಕ್ಕೇ ಆಗಿರಬೇಕೆಂದೂ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಆದ್ದರಿಂದ ಬಲ್ಲವರು ಜಾತಿಯ ಹೆಸರೆತ್ತದೆ ಕೆಲಸ ಮುಗಿಸುತ್ತಾರೆ. "ಏ ಬಾರೋ ಇಲ್ಲಿ" ಎಂಬ ಮೂರು ಪದದಲ್ಲಿ ಜಾತಿ ಎಲ್ಲಿದೆ ಎಂದು ಪ್ರತಿವಾದಿಯ ವಕೀಲರು ಕೇಳಿದರೆ, ಅದು ಎಲ್ಲಿದೆಯೆಂದು ಊರಿಗೆಲ್ಲ ಗೊತ್ತಿದ್ದರೂ ದಾಖಲೆಯಲ್ಲಿ ತೋರಿಸುವುದು ಕಷ್ಟ.

ಚುನಾವಣೆಯ ಸಂದರ್ಭಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಮು ಇದೆ. ಧರ್ಮ, ಜನಾಂಗ, ಜಾತಿ, ಸಮುದಾಯಗಳ ಜೊತೆಗೆ ಭಾಷೆಯ ಹೆಸರಿನಲ್ಲಿ ಮತ ಕೇಳುವುದೂ ಅದರಂತೆ ಭ್ರಷ್ಟ ಆಚರಣೆ. 2017ರ ಜನವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, 4:3ರ ಬಹುಮತದಿಂದ, ಅಭ್ಯರ್ಥಿಯ ಗುರುತಷ್ಟೇ ಅಲ್ಲ, ಮತದಾರನ ಗುರುತನ್ನು ಬಳಸಿ ಮತ ಕೇಳುವುದೂ ಇದರೊಳಗೆ ಸೇರುತ್ತದೆ ಎಂದಿತು. ಆದರೆ ಅಲ್ಲಿ ಭಾಷೆ ಎಂದರೆ ಯಾವ ಭಾಷಿಕ ಎಂಬ ಗುರುತು. ಹೇಗೆ ಮಾತಾಡಿದರು ಎಂಬುದಲ್ಲ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು ಕೇರಳದಲ್ಲಿ ನಡೆಯಿತು. ಪೊಲೀಸರು ಜನರನ್ನು "ಎಡಾ, ಎಡೀ, ನೀ" ಎಂದು ಕರೆಯುವುದು ಒಪ್ಪತಕ್ಕದ್ದಲ್ಲವೆಂದು 2021ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು, ಪೊಲೀಸ್ ಮುಖ್ಯಸ್ಥರು ಸುತ್ತೋಲೆಯನ್ನೂ ಹೊರಡಿಸಿದರು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತೂರು ಗ್ರಾಮ ಪಂಚಾಯಿತಿ ತದ್ವಿರುದ್ಧ ದಿಕ್ಕಿನಿಂದ ಹೊರಟು, ತನ್ನ ಕಚೇರಿಯಲ್ಲಿ ಜನರು ಸಿಬ್ಬಂದಿಯನ್ನು "ಸರ್, ಮೇಡಂ" ಎಂದು ಕರೆಯಬೇಕಾಗಿಲ್ಲವೆಂದು ನಿರ್ಣಯಿಸಿತು. ನಮ್ಮ "ಸಾಹೇಬ್ರ" ಎಂಬ ಪದವನ್ನು ಕಿತ್ತುಹಾಕುವುದು ಅಷ್ಟು ಸುಲಭವೆಂದು ನನಗನಿಸುವುದಿಲ್ಲ; ನನ್ನ ಕಕ್ಷಿದಾರರು ನನ್ನನ್ನೇ ಹಾಗೆ ಕರೆಯುತ್ತಾರೆ, ನಾನೂ ಬೇಡವೆಂದದ್ದಿಲ್ಲ.

ಕಪ್ಪತಗುಡ್ಡದ ಅಡಿ:

ಅಣ್ಣಾವ್ರೆಲ್ಲರೂ ಏಕವಚನವನ್ನೇ ಹಿಡಿದುಕೊಂಡಿದ್ದೀರಿ. ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದ ನನ್ನ ಅನುಭವ ಬೇರೆ. ಏಕವಚನ ಕನಿಷ್ಠ ತನ್ನ ಮುಖ ತೋರಿಸುತ್ತದೆ. ನನಗೆ ಹೆಚ್ಚು ಪೆಟ್ಟು ಕೊಟ್ಟದ್ದು ಬಹುವಚನ. 2010ರಿಂದ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ. ಸಭೆಗೆ ಹೋದರೆ "ಬರ್ರಿ ಅಕ್ಕಾರ, ಇಲ್ಲಿ ಮುಂದ ಕೂಡ್ರಿ" ಎಂದು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಠರಾವಿನ ಮಾತನ್ನು ನನ್ನ ತಲೆಯ ಮೇಲಿಂದ ಹಿಂದೆ ನಿಂತ ನಮ್ಮ ಮನೆಯವರ ಜೊತೆ ಆಡುತ್ತಿದ್ದರು. ಆ "ಅಕ್ಕಾರ"ದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ, ಆದ್ದರಿಂದ ಜಗಳ ತೆಗೆಯಲೂ ದಾರಿಯಿರಲಿಲ್ಲ.

ಇನ್ನು ಕಾಗದದ ಕನ್ನಡವನ್ನು ನೋಡಿ. ನಮ್ಮ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಗುಡ್ಡ ಉಳಿಯಬೇಕೆಂದು ಧರಣಿ ಕುಳಿತವರಲ್ಲಿ ನಾನೂ ಒಬ್ಬಳು, ಅದರ ಬಗ್ಗೆ ತಕರಾರಿಲ್ಲ. ಆದರೆ ಅಡಿಯಲ್ಲಿ ಎರಡೆಕರೆ ಜೋಳ, ಸೂರ್ಯಕಾಂತಿ ಬಿತ್ತಿಕೊಂಡು ಬಂದ ಒಬ್ಬನೇ ಮನುಷ್ಯನಿಗೆ ಎಷ್ಟು ಹೆಸರುಗಳಿವೆ ಎಂದು ಲೆಕ್ಕ ಹಾಕಿದ್ದೀರಾ? ಸಕ್ರಮಕ್ಕಾಗಿ ನಮೂನೆ 57 ತುಂಬಿದಾಗ ಅವನು "ಬಗರ್ ಹುಕುಂ ಸಾಗುವಳಿದಾರ". ನೋಟಿಸಿನಲ್ಲಿ "ಒತ್ತುವರಿದಾರ". ಚುನಾವಣೆಯ ಭಾಷಣದಲ್ಲಿ "ಅನ್ನದಾತ". 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ "ಇತರ ಪಾರಂಪರಿಕ ಅರಣ್ಯವಾಸಿ", ಅದಕ್ಕೆ 2005ರ ಡಿಸೆಂಬರ್ 13ಕ್ಕಿಂತ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದುದಕ್ಕೆ ಪುರಾವೆ ಬೇಕು. ಇವುಗಳಲ್ಲಿ ಯಾವ ಹೆಸರನ್ನೂ ಅವನು ಇಟ್ಟುಕೊಂಡದ್ದಲ್ಲ. "ಒತ್ತುವರಿದಾರ" ಎಂಬ ಪದ ಕಾಗದದ ಮೇಲೆ ಬಿದ್ದ ದಿನವೇ ಅವನ ಅರ್ಧ ಹೊಲ ಹೋದಂತೆ, ಏಕೆಂದರೆ ಆ ಪದವನ್ನು ಓದುವ ಪ್ರತಿಯೊಬ್ಬ ಅಧಿಕಾರಿಗೂ ಮುಂದೆ ಏನು ಮಾಡಬೇಕೆಂಬುದು ಅದರಲ್ಲೇ ಬರೆದಿರುತ್ತದೆ.

ಆ ನೋಟಿಸು "ಮಾನ್ಯರೇ" ಎಂದು ಶುರುವಾಗಿ, "ತಮಗೆ ತಿಳಿಯಪಡಿಸುವುದೇನೆಂದರೆ" ಎಂದು ನಡೆದು, "ತಪ್ಪಿದಲ್ಲಿ ತೆರವುಗೊಳಿಸಲಾಗುವುದು" ಎಂದು ಮುಗಿಯುತ್ತದೆ. ಯಾರು ತೆರವುಗೊಳಿಸುತ್ತಾರೆ? "ಲಾಗುವುದು" ತೆರವುಗೊಳಿಸುತ್ತದೆ. ಹುಬ್ಬಳ್ಳಿ ಅಣ್ಣಾವ್ರು ತಮ್ಮ ಪತ್ರಿಕೆಯ ತಪ್ಪೊಪ್ಪಿಗೆಯಲ್ಲಿ ಇದನ್ನು ಬಿಟ್ಟಿದ್ದಾರೆ: "ಲಘು ಲಾಠಿ ಪ್ರಹಾರ ನಡೆಸಲಾಯಿತು". ಲಾಠಿ ಹಿಡಿದವರಿಲ್ಲ, ಪೆಟ್ಟು ತಿಂದವರಿಲ್ಲ, ಲಘು ಎಂದು ತೂಗಿ ನೋಡಿದವರು ಯಾರೆಂಬುದೂ ಇಲ್ಲ. (ನಾನೂ ಮೇಲೆ "ಘೋಷಿಸಲಾಯಿತು" ಎಂದು ಬರೆದಿದ್ದೇನೆ, ಈಗ ಕಣ್ಣಿಗೆ ಬಿತ್ತು. ಘೋಷಿಸಿದ್ದು ರಾಜ್ಯ ಸರ್ಕಾರ.)

ಬೆಟಗೇರಿಯ ಅಣ್ಣಾವ್ರ ಮೂಲ ಪ್ರಶ್ನೆಗೆ ನನ್ನ ಅಳತೆಗೋಲು ಇಷ್ಟೇ: ಆ ಮಾತು ತಿರುಗಿ ಬರಬಹುದೇ ಎಂದು ನೋಡುತ್ತೇನೆ. ಗೆಳತಿಯ "ನೀ"ಗೆ ನನ್ನ "ನೀ" ತಿರುಗಿ ಹೋಗುತ್ತದೆ. ನಮ್ಮ ಅತ್ತೆಯವರು ನನಗೆ "ನೀ" ಎಂದರೆ ನಾನು ತಿರುಗಿ ಹಾಗೆನ್ನಲಾರೆ, ಆದರೆ ಅದು ವಯಸ್ಸಿನ ಸಲಿಗೆ, ನನ್ನ ಸೊಸೆಗೆ ನಾನು ಅಂದೇನು. ಆ ಕಿಟಕಿಯಲ್ಲಿ ನಡೆದದ್ದು ಎರಡೂ ಅಲ್ಲ; ಎಪ್ಪತ್ತರ ವಯಸ್ಸಿಗೆ ಸಲ್ಲಬೇಕಾದ "ರಿ"ಯನ್ನು ಮಾಸಿದ ದೋತರ ಕಸಿದುಕೊಂಡಿತು.

ಬೆಟಗೇರಿಯ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಅಕ್ಕಾರ, ನಿಮ್ಮ ಅಳತೆಗೋಲು ಹಿಡಿದು ಮೊದಲು ನನ್ನದೇ ಕಾಗದ ಅಳೆಯಬೇಕಾಯಿತು. ಹೊಲದ ಹದ್ದುಬಸ್ತಿಗೆ ಅರ್ಜಿ ಸಿದ್ಧಪಡಿಸಿ ಇಟ್ಟಿದ್ದೆ. ನಮ್ಮಲ್ಲಿ ಬಹಳ ವರ್ಷ ಗಳೆ ಹೊಡೆದ, ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬರು ಅದರಲ್ಲಿ ಸಾಕ್ಷಿ. ಅವರನ್ನು ನಾನು ಮಾತಿನಲ್ಲಿ ಕಾಕಾ ಎನ್ನುತ್ತೇನೆ. ಕಾಗದದಲ್ಲಿ ನನ್ನದೇ ಕೈಯಿಂದ "ಸದರಿಯವನು ಹದ್ದಿನ ಕಲ್ಲನ್ನು ಕಣ್ಣಾರೆ ಕಂಡಿರುತ್ತಾನೆ" ಎಂದು ಬರೆದಿದ್ದೆ. ಪಕ್ಕದ ಹೊಲದ ಮಾಲೀಕರಿಗೆ ಮಾತ್ರ ಅದೇ ಪುಟದಲ್ಲಿ "ಸದರಿಯವರು" ಎಂದಿತ್ತು.

ನಿನ್ನೆ ಅದನ್ನು "ಕಂಡಿರುತ್ತಾರೆ" ಎಂದು ತಿದ್ದಿ ಟೈಪ್ ಮಾಡಿಸಲು ಕೊಟ್ಟೆ. ಟೈಪ್ ಮಾಡುವ ಹುಡುಗ ಅಲ್ಲಿಗೆ ಬಂದು ಕೈ ನಿಲ್ಲಿಸಿ, "ಸಾಕ್ಷಿ ಇಬ್ಬರದಾರೇನ್ರಿ ಸರ? ಇನ್ನೊಬ್ಬರ ಹೆಸರು ಹೇಳ್ರಿ" ಎಂದ.