ಉಲ್ಲನ್ ಖರ್ಚಿನ ಮೂರು ಪಟ್ಟು ಬೆಲೆ ಇಟ್ಟರೂ ಕೈಗೆ ಏನೂ ಉಳಿಯುತ್ತಿಲ್ಲ. ಸ್ವೆಟರ್ ಹೆಣೆಯುವುದನ್ನೇ ಬಿಡಲಾ?

ಒಂಟಿಕಡ್ಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೈಯಬೇಡಿ.

ಮನೆಯಲ್ಲೇ ಕೂತು ಕೈಯಲ್ಲಿ ಉಲ್ಲನ್ ಹೆಣೆದು ಮಾರಲು ಶುರು ಮಾಡಿ ಒಂದೂವರೆ ವರ್ಷವಾಯಿತು. ಹೆಣಿಗೆ ಮಾತ್ರ ಹನ್ನೊಂದನೇ ವಯಸ್ಸಿನಿಂದ ಗೊತ್ತು. ಗೆಳತಿಯ ಮಗುವಿಗೆ ಒಂದು ಸ್ವೆಟರ್ ಕೊಟ್ಟೆ. ಅದನ್ನು ನೋಡಿ ಮೂವರು ಕೇಳಿದರು, ಆ ಮೂವರದ್ದು ನೋಡಿ ಇನ್ನಾರು ಜನ. ಈಗ ಬಟ್ಟೆ ಬೀರುವಿನ ಅರ್ಧ ಭಾಗ ಉಲ್ಲನ್ ಉಂಡೆಗಳದ್ದೇ. ಪುಸ್ತಕದಲ್ಲಿ ಒಂಬತ್ತು ಆರ್ಡರ್ ಬಾಕಿ ಇದೆ. ನೋಡಿದವರೆಲ್ಲ "ನಿಂದು ಬಿಸಿನೆಸ್ ಜೋರು ಕಣೇ" ಅನ್ನುತ್ತಾರೆ.

ಜೋರೇನೋ ಹೌದು. ಆದರೆ ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಒಂದು ಸ್ವೆಟರಿಗೆ ಗಂಟೆ ಲೆಕ್ಕ ಇಟ್ಟೆ. ಕಡ್ಡಿ ಹಿಡಿದಾಗ ಟೈಮ್ ಬರೆಯುವುದು, ಕೆಳಗಿಟ್ಟಾಗ ಬರೆಯುವುದು. ದೊಡ್ಡವರ ಅಳತೆ, ಎದೆ ಸುತ್ತಳತೆ 100 ಸೆಂ.ಮೀ., 4 ಮಿ.ಮೀ. ಕಡ್ಡಿ, ಸಾದಾ ಹೆಣಿಗೆ. ಜಡೆ ಡಿಸೈನ್ ಇಲ್ಲ, ಎರಡು ಬಣ್ಣ ಇಲ್ಲ. ಹೆಣೆಯುವುದಕ್ಕೇ 39 ಗಂಟೆ ಹಿಡಿಯಿತು. ತೋಳು ಜೋಡಿಸಿ, ದಾರದ ತುದಿಗಳನ್ನು ಒಳಗೆ ಸೇರಿಸಿ, ತೊಳೆದು, ಹರಡಿ, ಪಿನ್ ಹಾಕಿ ಒಣಗಿಸುವ ಹೊತ್ತಿಗೆ ಇನ್ನೊಂದು ಏಳು ಗಂಟೆ. ಒಟ್ಟು 46.

ನಾನು ಬೆಲೆ ಇಡುವುದು ಉಲ್ಲನ್ ಖರ್ಚಿನ ಮೂರು ಪಟ್ಟು. ಹಾಗೇ ಮಾಡಬೇಕು ಅಂತ ಯಾರೋ ಹೇಳಿದ್ದರು. ಅದರಲ್ಲಿ ಉಲ್ಲನ್ ದುಡ್ಡು ಕಳೆದು, ಉಳಿದದ್ದನ್ನು 46ರಿಂದ ಭಾಗಿಸಿದೆ. ಬಂದ ಸಂಖ್ಯೆ ನೋಡಿ ಪುಸ್ತಕ ಮುಚ್ಚಿಟ್ಟುಬಿಟ್ಟೆ. ನನಗಾಗಿ ಯಾರಾದರೂ ಆ ಕೂಲಿಗೆ ಕೆಲಸ ಮಾಡುತ್ತೇನೆ ಅಂದರೆ ನಾನೇ ಬೇಡ ಅನ್ನುತ್ತಿದ್ದೆ.

ಅದು ಸಾಲದು ಅಂತ ಇನ್ನೊಂದು. ಅದೇ ಸ್ವೆಟರ್ ವಾಪಸ್ ಬಂತು. ತುಂಬಾ ದೊಡ್ಡದಾಗಿದೆ ಅಂದರು. ಟೇಪ್ ಹಿಡಿದು ನೋಡಿದರೆ 110 ಸೆಂ.ಮೀ. ನಾನು ಮಾದರಿ ತುಂಡು (ಅಳತೆ ನೋಡಲು ಮೊದಲು ಹೆಣೆಯುವ ಸಣ್ಣ ಚೌಕ) ಹೆಣೆದೇ ಶುರು ಮಾಡಿದ್ದೆ, ಹತ್ತು ಸೆಂ.ಮೀ.ಗೆ ಸರಿಯಾಗಿ 22 ಸ್ಟಿಚ್ ಬಂದಿತ್ತು. ಒಣಗಿದ ಮೇಲೆ ಕೈಗೆ ಸ್ವಲ್ಪ ಸಡಿಲ ಅನಿಸಿತ್ತು, ಉಲ್ಲನ್ ಮೆತ್ತಗಾಗಿದೆ ಅಂದುಕೊಂಡು ಮಡಿಸಿ ಕಳಿಸಿದೆ. ದುಡ್ಡು ವಾಪಸ್ ಕೊಟ್ಟೆ. ಈಗ ಅದು ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದೆ.

ನನ್ನ ಪ್ರಶ್ನೆ: ಬೆಲೆ ಜಾಸ್ತಿ ಮಾಡಲಾ, ಸ್ವೆಟರನ್ನೇ ಬಿಟ್ಟು ಟೋಪಿ, ಮಫ್ಲರ್ ಅಂತ ಚಿಕ್ಕದಕ್ಕೆ ಇಳಿಯಲಾ? ಆರ್ಡರ್ ಕೊಟ್ಟವರಲ್ಲಿ ನಾಲ್ಕು ಜನ ಪರಿಚಯದವರು. ಅವರಿಗೆ ಹೇಗೆ ಹೇಳುವುದು? ನನಗೆ ಬಾಯಿ ಬರುವುದಿಲ್ಲ.

ಉಲ್ಟಾಸೀದಾ:

ಸ್ವೆಟರ್ ಬಿಡಿ. ಟೋಪಿ ಹೆಣೆಯಿರಿ. ಮುಗೀತು.

ಆ ಮೂರು ಪಟ್ಟು ಲೆಕ್ಕ ಯಾರು ಹೇಳಿದರೋ, ಅವರು ಕಡ್ಡಿ ಹಿಡಿದವರಲ್ಲ ಅನಿಸುತ್ತೆ. ಉಲ್ಲನ್ ಬೆಲೆಗೂ ನಿಮ್ಮ ಸಮಯಕ್ಕೂ ಏನು ಸಂಬಂಧ ಹೇಳಿ? ಅಗ್ಗದ ತೆಳು ಅಕ್ರಿಲಿಕ್‌ನಲ್ಲಿ ಒಂದು ಶಾಲು ಹೆಣೆದರೆ ತಿಂಗಳು ಹಿಡಿಯುತ್ತೆ, ಅದಕ್ಕೆ ಮೂರು ಪಟ್ಟು ಅಂದರೆ ಪುಡಿಗಾಸು. ದುಬಾರಿ ದಪ್ಪ ಮೆರಿನೋ ಉಣ್ಣೆಯಲ್ಲಿ 8 ಮಿ.ಮೀ. ಕಡ್ಡಿ ಹಿಡಿದು ಒಂದೇ ಸಂಜೆಗೆ ಟೋಪಿ ಮುಗಿಸಬಹುದು, ಅದಕ್ಕೂ ಅದೇ ಮೂರು ಪಟ್ಟು. ಜಾಸ್ತಿ ದುಡಿದಷ್ಟೂ ಕಡಿಮೆ ಸಿಗುವ ಲೆಕ್ಕ ಅದು.

ಹಳೇಲಡಿ:

ನಾನು ಹನ್ನೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನಿಮ್ಮ 39 ಗಂಟೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೈ ನಿಧಾನ ಅಂತಲ್ಲ. ಅದು ಅಷ್ಟೇ ಹಿಡಿಯುವ ಕೆಲಸ.

ಪೆನ್ನು ಹಿಡಿದು ನೋಡಿ. 100 ಸೆಂ.ಮೀ. ಸುತ್ತಳತೆಗೆ 220 ಸ್ಟಿಚ್. ಹತ್ತು ಸೆಂ.ಮೀ.ಗೆ 30 ಸಾಲು ಅಂದರೆ 60 ಸೆಂ.ಮೀ. ಉದ್ದಕ್ಕೆ 180 ಸಾಲು. ಮೈ ಭಾಗಕ್ಕೇ ಸುಮಾರು 39,600 ಸ್ಟಿಚ್. ತೋಳು ಸರಾಸರಿ 70 ಸ್ಟಿಚ್, 135 ಸಾಲು, ಎರಡೂ ಸೇರಿ 18,900. ಒಟ್ಟು 58,500. ನಿಮಿಷಕ್ಕೆ 25 ಸ್ಟಿಚ್ ಹಾಕಿದರೆ 2,340 ನಿಮಿಷ, ಅಂದರೆ ನಿಮ್ಮ 39 ಗಂಟೆಯೇ. ದಿನಕ್ಕೆ ಅರ್ಧ ಗಂಟೆ ಉಳಿಸೋಣ ಅಂದರೂ ಎಲ್ಲಿಂದ ಉಳಿಸುತ್ತೀರಿ? ಇಷ್ಟು ಸ್ಟಿಚ್ ಒಂದೊಂದಾಗಿ ಕಡ್ಡಿಯಿಂದ ಕಡ್ಡಿಗೆ ಹೋಗಲೇಬೇಕಲ್ಲ.

ಯಂತ್ರದ ಜೊತೆ ಪೈಪೋಟಿ ಮಾಡುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ. ವಿಲಿಯಂ ಲೀ ಅನ್ನುವವರು ಇಂಗ್ಲೆಂಡಿನಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಆ ಪಂದ್ಯ ನಾವು ಹುಟ್ಟುವ ಎಷ್ಟೋ ಮುಂಚೆಯೇ ಮುಗಿದಿದೆ. ಅಂಗಡಿಯ ಸ್ವೆಟರ್ ಬೆಲೆ ತೋರಿಸಿ "ಅಲ್ಲಿ ಇಷ್ಟಕ್ಕೇ ಸಿಗುತ್ತೆ" ಅನ್ನುವವರಿಗೆ ನಾನು "ಹೌದು, ಅಲ್ಲೇ ತಗೊಳ್ಳಿ, ಚೆನ್ನಾಗಿರುತ್ತೆ" ಅನ್ನುತ್ತೇನೆ. ವ್ಯಂಗ್ಯಕ್ಕಲ್ಲ. ಅವರಿಗೆ ಬೇಕಾಗಿರುವುದು ನಿಜವಾಗಿಯೂ ಅಲ್ಲೇ ಇದೆ.

ಬೆಲೆಗೆ ನಾನು ಮಾಡುವುದು ಹೀಗೆ. ಉಲ್ಲನ್ ಮೀಟರ್ ಲೆಕ್ಕ. ಉಂಡೆಯ ಪಟ್ಟಿಯ ಮೇಲೆ ತೂಕದ ಜೊತೆ ಉದ್ದವೂ ಇರುತ್ತೆ ನೋಡಿ, ಯಾರೂ ಓದುವುದಿಲ್ಲ. ನೀವು ಬಳಸಿದ ದಪ್ಪದ ಉಲ್ಲನ್ 100 ಗ್ರಾಂಗೆ 200ರಿಂದ 250 ಮೀಟರ್ ಇರುತ್ತೆ. ಕಾಲುಚೀಲದ ತೆಳು ಉಲ್ಲನ್ ಅದೇ 100 ಗ್ರಾಂಗೆ 400 ಮೀಟರ್. ಉದ್ದ ಜಾಸ್ತಿ ಅಂದರೆ ಸ್ಟಿಚ್ ಜಾಸ್ತಿ, ಸ್ಟಿಚ್ ಜಾಸ್ತಿ ಅಂದರೆ ಸಮಯ ಜಾಸ್ತಿ. ಮೀಟರಿಗೆ ಇಷ್ಟು ಕೂಲಿ ಅಂತ ಇಟ್ಟುಕೊಳ್ಳಿ, ಉಲ್ಲನ್ ದುಡ್ಡು ಬೇರೆ. ಜಡೆ ಡಿಸೈನ್ ಅಥವಾ ಎರಡು ಬಣ್ಣ ಇದ್ದರೆ ಕೂಲಿ ಒಂದೂವರೆ ಪಟ್ಟು. ಮುಗಿದ ಮೇಲೆ ವಸ್ತುವನ್ನು ತೂಕಕ್ಕೆ ಇಟ್ಟರೆ ಎಷ್ಟು ಮೀಟರ್ ಹೋಯಿತು ಅಂತ ಗೊತ್ತಾಗುತ್ತೆ. ಗಡಿಯಾರ ನೋಡುವ ಗೋಳು ಇಲ್ಲ. ಬಾಗಿಲು ತೆಗೆಯಲು ಎದ್ದಿದ್ದು, ಫೋನ್ ಬಂದಿದ್ದು ಯಾವುದೂ ಲೆಕ್ಕ ಕೆಡಿಸುವುದಿಲ್ಲ.

ಇನ್ನು ಆ 110 ಸೆಂ.ಮೀ. ಕಥೆ. ಅದು ಮೆಷಿನ್‌ನಲ್ಲಿ ಒಗೆಯಬಹುದು ಅಂತ ಬರೆದಿರುವ ಉಣ್ಣೆ ಅಲ್ವಾ? ಸೂಪರ್‌ವಾಶ್ ಅನ್ನುತ್ತಾರೆ. ಸಾದಾ ಉಣ್ಣೆಯ ಎಳೆಗೆ ಮೀನಿನ ಮೈಯಂತೆ ಸಣ್ಣ ಹೊರಪೊರೆ ಇರುತ್ತೆ. ಒಂದಕ್ಕೊಂದು ಸಿಕ್ಕಿಕೊಳ್ಳುವುದು ಅದರಿಂದಲೇ, ಬಿಸಿನೀರಲ್ಲಿ ತಿಕ್ಕಿದರೆ ಗಂಟುಕಟ್ಟಿ ಕುಗ್ಗುವುದೂ ಅದರಿಂದಲೇ. ಸೂಪರ್‌ವಾಶ್‌ನಲ್ಲಿ ಆ ಪೊರೆಯನ್ನು ತೆಗೆದಿರುತ್ತಾರೆ ಅಥವಾ ಮೇಲೆ ಲೇಪ ಕೊಟ್ಟಿರುತ್ತಾರೆ. ಕುಗ್ಗುವುದಿಲ್ಲ, ಸರಿ. ಆದರೆ ಹಿಡಿತವೂ ಇಲ್ಲ. ನೀರು ಬಿದ್ದ ತಕ್ಷಣ ಜಾರಿ ಹಿಗ್ಗುತ್ತದೆ. ನಿಮ್ಮ 22 ಸ್ಟಿಚ್ ತೊಳೆದ ಮೇಲೆ 20 ಆಗಿರುತ್ತೆ. 220ನ್ನು 20ರಿಂದ ಭಾಗಿಸಿದರೆ ಹನ್ನೊಂದು, ಅಂದರೆ 110 ಸೆಂ.ಮೀ. ಮಾದರಿ ತುಂಡನ್ನು ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಟೇಪ್ ಹಿಡಿಯಿರಿ. ತುಂಡೂ ಸ್ವಲ್ಪ ದೊಡ್ಡದಿರಲಿ, ಅಂಚಿನ ಸ್ಟಿಚ್‌ಗಳು ಸುಳ್ಳು ಹೇಳುತ್ತವೆ.

ಇದನ್ನು ನಾನು ಕಲಿತದ್ದು ಒಂದಲ್ಲ, ಎರಡು ಸ್ವೆಟರ್ ಹಾಳು ಮಾಡಿದ ಮೇಲೆ.

ಪರಿಚಯದವರ ವಿಷಯ: ಹೇಳಬೇಡಿ, ಬರೆದು ಕಳಿಸಿ. ಬಣ್ಣ, ಉಲ್ಲನ್ ಯಾವುದು, ಮೈಗೆ ಸರಿಯಾಗಿ ಕೂರುವ ಹಳೇ ಸ್ವೆಟರಿನ ಅಳತೆ, ಕೊಡುವ ತಾರೀಖು, ಬೆಲೆ. ಉಲ್ಲನ್ ದುಡ್ಡು ಪೂರ್ತಿ, ಕೂಲಿ ಅರ್ಧ ಮುಂಗಡ. ಕೈಗೆ ದುಡ್ಡು ಬಂದ ಮೇಲೆಯೇ ಉಲ್ಲನ್ ತರುವುದು. ತರುವಾಗ ಎಲ್ಲಾ ಉಂಡೆಯ ಮೇಲೂ ಡೈ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್) ಒಂದೇ ಇದೆಯಾ ನೋಡಿ, ಒಂದು ಉಂಡೆ ಜಾಸ್ತಿಯೇ ತನ್ನಿ. ಬೇರೆ ನಂಬರಿನದ್ದು ಬಳಸಲೇಬೇಕಾದರೆ ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ ಹೆಣೆಯಿರಿ. ಇಲ್ಲದಿದ್ದರೆ ಒಂದು ತೋಳು ಬಿಸಿಲಿಗೆ ಬಾಡಿದಂತೆ ಕಾಣುತ್ತೆ.

ದಾರದಮಾವ:

ನಾನು ಗಂಡಸು. ಹೆಣೆದು ಮಾರುತ್ತೇನೆ ಅಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಸೈಜ್ ಹೇಳುತ್ತಾರೆ.

ಹಳೇಲಡಿ ಅಕ್ಕ ಹೇಳಿದ್ದು ಎಲ್ಲಾ ಸರಿ, ಆದರೆ ಉಲ್ಟಾಸೀದಾ ಹೇಳಿದ "ಸ್ವೆಟರ್ ಬಿಡಿ" ನನಗೆ ಒಪ್ಪಿಗೆಯಿಲ್ಲ. ಟೋಪಿಯನ್ನೇ ದಿನಾ ಹೆಣೆದರೆ ಆರು ತಿಂಗಳಲ್ಲಿ ಕಡ್ಡಿ ಕಂಡರೆ ವಾಕರಿಕೆ ಬರುತ್ತೆ. ನನಗೆ ಬಂದಿತ್ತು. ನಾನು ವರ್ಷಕ್ಕೆ ಮೂರೇ ಸ್ವೆಟರ್ ತೆಗೆದುಕೊಳ್ಳುತ್ತೇನೆ, ಪೂರ್ತಿ ಕೂಲಿಗೆ. ಕೇಳಿದವರಲ್ಲಿ ಹೆಚ್ಚಿನವರು ಬೆಲೆ ಕೇಳಿ ಮತ್ತೆ ಬರುವುದಿಲ್ಲ, ಬರದೇ ಇರಲಿ. ಉಳಿದ ದಿನಗಳಲ್ಲಿ ಟೋಪಿ, ಮಕ್ಕಳ ಸಾಮಾನು.

ಮಕ್ಕಳದ್ದು ಹೆಣೆಯುವಾಗ ಎರಡು ಮಾತು. ಕುತ್ತಿಗೆ ಹತ್ತಿರ ಕಟ್ಟುವ ದಾರ ಬೇಡವೇ ಬೇಡ, ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತೆ. ಎರಡು ಬಣ್ಣದ ಕೈಗವಸಿನ ಒಳಗೆ ಉದ್ದುದ್ದ ದಾರ ಬಿಡಬೇಡಿ, ಪುಟ್ಟ ಬೆರಳಿಗೆ ಸುತ್ತಿಕೊಳ್ಳುತ್ತೆ. ಗುಂಡಿಯನ್ನು ನಾನು ಹೊಲಿದು, ಹಿಡಿದು ಎಳೆದು ನೋಡಿ, ಮತ್ತೊಮ್ಮೆ ಹೊಲಿಯುತ್ತೇನೆ.

ಯಾರದೋ ಪ್ಯಾಟರ್ನ್ ನೋಡಿ ಹೆಣೆದು ಮಾರುವುದಾದರೆ ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದದ್ದನ್ನೂ ಓದಿ. ಕೆಲವರು ಮಾರಿ ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಗೊತ್ತಾಗದಿದ್ದರೆ ಬರೆದವರನ್ನೇ ಕೇಳಿ. ನಾನು ಕೇಳಿದಾಗಲೆಲ್ಲ ಉತ್ತರ ಬಂದಿದೆ.

ಕೈ ನೋವಿದೆಯಾ? ನೀವು ಬರೆದಿಲ್ಲ, ಆದರೆ ಒಂಬತ್ತು ಆರ್ಡರ್ ಅಂದಿರಿ. ನನ್ನ ಬಲ ಹೆಬ್ಬೆರಳು ಒಮ್ಮೆ ಎರಡು ತಿಂಗಳು ಮುಷ್ಕರ ಹೂಡಿತ್ತು. ಆಮೇಲೆ ಉದ್ದ ಕಡ್ಡಿ ಬಿಟ್ಟು ವೈರ್ ಇರುವ ಕಡ್ಡಿಗೆ ಬಂದೆ, ಎರಡು ಚಿಕ್ಕ ಕಡ್ಡಿಗಳ ನಡುವೆ ಬಾಗುವ ವೈರ್ ಇರುತ್ತಲ್ಲ, ಅದು. ಸ್ವೆಟರಿನ ಭಾರವೆಲ್ಲ ಮಡಿಲಲ್ಲಿ ಕೂರುತ್ತೆ, ಮಣಿಕಟ್ಟಿನ ಮೇಲೆ ಬೀಳುವುದಿಲ್ಲ. ಅರ್ಧ ಗಂಟೆಗೊಮ್ಮೆ ಏಳುತ್ತೇನೆ.

ಒಂಟಿಕಡ್ಡಿ:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ.

ಹೆಬ್ಬೆರಳು ನೋಯುತ್ತಿತ್ತು, ಹೌದು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಬಿಡು ಅನ್ನುತ್ತಾರಲ್ಲ ಅಂತ. ವೈರ್ ಕಡ್ಡಿ ತಂದಿದ್ದೇನೆ.

ಮೀಟರ್ ಲೆಕ್ಕ ನಂಬಿಕೆ ಬರಲಿಲ್ಲ, ಅದಕ್ಕೇ ಪರೀಕ್ಷೆ ಮಾಡಿದೆ. ಸ್ವೆಟರ್ ತೂಗಿ ನೋಡಿದರೆ ಸುಮಾರು 1,300 ಮೀಟರ್, 39 ಗಂಟೆ. ಅಂದರೆ ಗಂಟೆಗೆ 33 ಮೀಟರ್. ಅದೇ ಉಲ್ಲನ್‌ನಲ್ಲಿ ಒಂದು ಟೋಪಿ ಹೆಣೆದೆ: 140 ಮೀಟರ್, ನಾಲ್ಕು ಗಂಟೆಗೆ ಸ್ವಲ್ಪ ಜಾಸ್ತಿ. ಇದೂ ಗಂಟೆಗೆ 33ರ ಆಸುಪಾಸು! ಸಂತೋಷಕ್ಕೆ ಒಬ್ಬಳೇ ಚಪ್ಪಾಳೆ ತಟ್ಟಿದೆ. ಅಂದರೆ ಟೋಪಿಯಲ್ಲಿ ನನ್ನ ಕೈಯೇನೂ ಜಾಸ್ತಿ ಓಡುವುದಿಲ್ಲ. ಜನಕ್ಕೆ ಟೋಪಿಯ ಬೆಲೆ ಕೇಳಿ ಎದೆ ಒಡೆಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಪರಿಚಯದ ನಾಲ್ವರಿಗೂ ಬರೆದು ಕಳಿಸಿದೆ. ಕಳಿಸಿ ಫೋನನ್ನು ದಿಂಬಿನ ಕೆಳಗಿಟ್ಟು ಸ್ನಾನಕ್ಕೆ ಹೋದೆ. ಒಬ್ಬರು ಮುಂಗಡ ಕಳಿಸಿದ್ದಾರೆ, ಒಂದು ಮಾತೂ ಕೇಳಲಿಲ್ಲ. ಇಬ್ಬರು ಸ್ವೆಟರ್ ಬೇಡ, ಟೋಪಿ ಸಾಕು ಅಂದರು. ನಾಲ್ಕನೆಯವರು "ಇಷ್ಟೊಂದಾ?" ಅಂತ ಬರೆದು ಸುಮ್ಮನಾಗಿದ್ದಾರೆ. ನಾನೂ ಸುಮ್ಮನಿದ್ದೇನೆ. ಮೊದಲಾಗಿದ್ದರೆ ಅರ್ಧಕ್ಕೆ ಇಳಿಸಿಬಿಡುತ್ತಿದ್ದೆ.

ಉಳಿದದ್ದು ಕುರ್ಚಿ ಮೇಲಿನ ಸ್ವೆಟರ್. ಇವತ್ತು ಬಿಚ್ಚಲು ಕೂತಿದ್ದೇನೆ. ಒಂದು ತೋಳು ಆಗಲೇ ಉಂಡೆಯಾಗಿದೆ, ಆದರೆ ದಾರವೆಲ್ಲ ಗುಂಗುರು ಗುಂಗುರು. ಹೀಗೇ ಹೆಣೆಯಬಹುದಾ?

ಹಳೇಲಡಿ:

ಬೇಡ, ಸ್ಟಿಚ್ ಏರುಪೇರಾಗಿ ಬರುತ್ತೆ. ಉಂಡೆ ಸುತ್ತಬೇಡಿ. ಎರಡು ಕುರ್ಚಿಗಳನ್ನು ಬೆನ್ನಿಗೆ ಬೆನ್ನು ಇಟ್ಟು ಅದರ ಸುತ್ತ ಸುತ್ತಿ ಲಡಿ ಮಾಡಿ. ನಾಲ್ಕು ಕಡೆ ಬೇರೆ ದಾರದಿಂದ ಸಡಿಲವಾಗಿ ಕಟ್ಟಿ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಒತ್ತಿ, ನೆರಳಲ್ಲಿ ನೇತುಹಾಕಿ. ಬೇಗ ನೆಟ್ಟಗಾಗಲಿ ಅಂತ ಕೆಳಗೆ ಭಾರ ಕಟ್ಟಬೇಡಿ, ಸೂಪರ್‌ವಾಶ್ ಅದು, ಎಳೆದಷ್ಟೂ ಎಳೆಯುತ್ತೆ.

ಆಮೇಲೆ ಮಾದರಿ ತುಂಡು. ತೊಳೆದು.