ಪೈಥಾನ್‌ನಿಂದ ವಿಕಿಪೀಡಿಯದ ಇತಿಹಾಸ ಪುಟ ತೆರೆದರೆ ಲೇಖನವೇ ತೆರೆಯುತ್ತಿದೆ

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ಕನ್ನಡ ವಿಕಿಪೀಡಿಯದ ಕೆಲವು ಲೇಖನಗಳ ಸಂಪಾದನೆಯ ಇತಿಹಾಸವನ್ನು ನಾನು ವಾರಕ್ಕೊಮ್ಮೆ ಕುಳಿತು ಓದುತ್ತೇನೆ. ಒಂದೊಂದನ್ನೂ ಹುಡುಕಿ ತೆರೆಯುವ ಶ್ರಮ ತಪ್ಪಲೆಂದು, ಶೀರ್ಷಿಕೆಗಳ ಪಟ್ಟಿಯನ್ನು ಓದಿ ಬ್ರೌಸರ್ ತೆರೆಯಿಸುವ ಸಿದ್ಧ ಕೋಡ್ ಆದ ವೆಬ್‌ಬ್ರೌಸರ್ ಮಾಡ್ಯೂಲ್‌ನ ಮೂಲಕ ಪುಟಗಳನ್ನು ತೆರೆಯುವ ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ವಿಳಾಸದಲ್ಲಿ ಮೊದಲು ಶೀರ್ಷಿಕೆ, ಅದರ ಬಳಿಕ & ಚಿಹ್ನೆ, ಕೊನೆಗೆ ಇತಿಹಾಸವನ್ನು ತೋರಿಸೆನ್ನುವ ಆಕ್ಷನ್ ಭಾಗ ಇದೆ. ಪುಟವೇನೋ ತೆರೆಯುತ್ತದೆ, ಆದರೆ ಪ್ರತಿ ಸಲವೂ ಇತಿಹಾಸದ ಬದಲು ಲೇಖನವೇ ಬರುತ್ತದೆ. ಅದೇ ವಿಳಾಸವನ್ನು ನಕಲು ಮಾಡಿ ಬ್ರೌಸರ್‌ನಲ್ಲಿ ಅಂಟಿಸಿದರೆ ಇತಿಹಾಸ ಸರಿಯಾಗಿ ಕಾಣುತ್ತದೆ. ಮೂರು ಸಂಜೆಗಳು ಇದರಲ್ಲೇ ಕಳೆದುಹೋದವು. ದಯವಿಟ್ಟು ದಾರಿ ತೋರಿಸಿ.

ಅಕ್ಷರಗಣಿತ

ಇದು ಕನ್ನಡ ಅಕ್ಷರಗಳಿಂದ ಬಂದ ತೊಂದರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ವಿಳಾಸದಲ್ಲಿ ಕನ್ನಡವನ್ನು ಹಾಗೆಯೇ ಕಳುಹಿಸಬಾರದು. ‘ಕನ್ನಡ’ ಎಂಬ ಪದದಲ್ಲಿ ಯೂನಿಕೋಡ್ ಲೆಕ್ಕದಂತೆ 5 ಸಂಕೇತಗಳಿವೆ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್‌ಗಳಂತೆ 15 ಬೈಟ್‌ಗಳಾಗುತ್ತವೆ. ಪ್ರತಿ ಬೈಟ್ ಅನ್ನು % ಚಿಹ್ನೆಯೊಡನೆ ಬರೆದಾಗ 45 ಅಕ್ಷರಗಳ ಸಾಲಾಗುತ್ತದೆ. ಪೈಥಾನ್‌ನ ಯುಆರ್‌ಎಲ್‌ಲಿಬ್‌ನಲ್ಲಿರುವ, ಇದೇ ಕೆಲಸ ಮಾಡುವ ಕೋಟ್ ಫಂಕ್ಷನ್‌ಗೆ ಶೀರ್ಷಿಕೆಯನ್ನು ಕೊಟ್ಟು, ಅದರಿಂದ ಬಂದುದನ್ನು ವಿಳಾಸಕ್ಕೆ ಸೇರಿಸಿ.

ಹೊಂಗೆನೆರಳು

ಹಾಗೆಯೇ ಮಾಡಿದೆ. ಏನೂ ಬದಲಾಗಲಿಲ್ಲ.

ಅಕ್ಷರಗಣಿತ

ಹಾಗಾದರೆ ನಿಮ್ಮ ಪಟ್ಟಿಯ ಶೀರ್ಷಿಕೆಗಳಲ್ಲಿ ಕಣ್ಣಿಗೆ ಕಾಣದ ಸಂಕೇತಗಳು ಇರಬೇಕು. ‘ಫೇಸ್‌ಬುಕ್’ ಎಂದು ಬರೆಯುವಾಗ ಬ ಒತ್ತಕ್ಷರವಾಗದಂತೆ ನಡುವೆ ಹಾಕುವ ಶೂನ್ಯ ಅಗಲದ ಸಂಕೇತವು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಅವು ಎರಡು ಬೇರೆ ಶೀರ್ಷಿಕೆಗಳಾಗುತ್ತವೆ. ಪಟ್ಟಿಯ ಒಂದೊಂದು ಸಾಲಿನ ಬೈಟ್‌ಗಳನ್ನೂ ಮುದ್ರಿಸಿ ಇಲ್ಲಿ ಹಾಕಿ.

ತೆರೆದಕಿಟಕಿ

ಇಷ್ಟೆಲ್ಲ ಏಕೆ? ವಿಕಿಪೀಡಿಯದಲ್ಲಿ ವೀಕ್ಷಣಾಪಟ್ಟಿ ಎಂಬ ಸೌಲಭ್ಯವೇ ಇದೆ. ಲೇಖನಗಳನ್ನು ಅದಕ್ಕೆ ಸೇರಿಸಿಕೊಂಡರೆ ಸ್ಕ್ರಿಪ್ಟ್ ಬರೆಯುವ ಅಗತ್ಯವೇ ಇರುವುದಿಲ್ಲ.

ಹೊಂಗೆನೆರಳು

ವೀಕ್ಷಣಾಪಟ್ಟಿ ತೋರಿಸುವುದು ಇತ್ತೀಚಿನ ಬದಲಾವಣೆಗಳನ್ನು ಮಾತ್ರ. ಒಂದು ಲೇಖನ ಮೊದಲ ದಿನದಿಂದ ಹೇಗೆ ಬೆಳೆಯಿತೆಂದು ಓದುವುದು ನನ್ನ ಆಸಕ್ತಿ. ನಾನು ಕೇಳಿದ್ದು ಲಿಂಕ್ ತೆರೆಯುವ ವಿಷಯ. ದಯವಿಟ್ಟು ಅದರ ಬಗ್ಗೆಯೇ ಮಾತನಾಡೋಣ.

ಕಪ್ಪುಪರದೆ

ಅಕ್ಷರಗಣಿತ ಅವರೇ, ನಿಮ್ಮ ವಿವರಣೆಯಲ್ಲಿ ತಪ್ಪಿಲ್ಲ, ಆದರೆ ಅದು ಈ ಸಮಸ್ಯೆಗೆ ಹೊಂದುವುದಿಲ್ಲ. ಶೀರ್ಷಿಕೆ ಕೆಟ್ಟಿದ್ದರೆ ಬೇರೆ ಪುಟ ಬರಬೇಕಿತ್ತು, ಇಲ್ಲವೇ ಅಂಥ ಪುಟವೇ ಇಲ್ಲವೆಂಬ ಸೂಚನೆ ಬರಬೇಕಿತ್ತು. ಇವರಿಗೆ ಸರಿಯಾದ ಲೇಖನವೇ ಬರುತ್ತಿದೆ. ಕಳೆದುಹೋಗುತ್ತಿರುವುದು ವಿಳಾಸದ ಬಾಲ ಮಾತ್ರ.

ಹೊಂಗೆನೆರಳು ಅವರೇ, ಎರಡು ಪರೀಕ್ಷೆಗಳನ್ನು ಮಾಡಿ. ಮೊದಲನೆಯದಾಗಿ, ಆಕ್ಷನ್ ಭಾಗವನ್ನು ಮೊದಲಿಗೆ ತಂದು ಶೀರ್ಷಿಕೆಯನ್ನು & ಚಿಹ್ನೆಯ ಬಳಿಕ ಹಾಕಿ ತೆರೆದು ನೋಡಿ. ಎರಡನೆಯದಾಗಿ, ಪುಟ ತೆರೆಯಲು ನೀವು ಕರೆಯುವ ಓಪನ್ ಫಂಕ್ಷನ್ ಹಿಂದಿರುಗಿಸುವ ಮೌಲ್ಯವನ್ನು ಮುದ್ರಿಸಿ, ಅದರೊಂದಿಗೆ ಟರ್ಮಿನಲ್‌ನಲ್ಲಿ ಬಂದುದೆಲ್ಲವನ್ನೂ ಒಂದಕ್ಷರ ಬಿಡದೆ ಇಲ್ಲಿ ತಿಳಿಸಿ. ನೀವು ಯಾವ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದೀರೆಂದು ಇನ್ನೂ ಹೇಳಿಲ್ಲ.

ಹೊಂಗೆನೆರಳು

ವಿಂಡೋಸ್ 11ರೊಳಗೆ ಡಬ್ಲ್ಯೂಎಸ್‌ಎಲ್‌ನಲ್ಲಿ (ವಿಂಡೋಸ್‌ನೊಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಉಬುಂಟು ಎಂಬ ಲಿನಕ್ಸ್ ಬಳಸುತ್ತಿದ್ದೇನೆ. ಪೈಥಾನ್ ಎಲ್ಲ ಕಡೆಯೂ ಒಂದೇ ಎಂದುಕೊಂಡು ಅದನ್ನು ಬರೆದಿರಲಿಲ್ಲ.

ನೀವು ಹೇಳಿದಂತೆ ಕ್ರಮ ಬದಲಿಸಿದಾಗ ಮುಖ್ಯ ಪುಟದ ಇತಿಹಾಸ ತೆರೆಯಿತು. ನಾನು ಕೇಳಿದ್ದು ‘ಹಂಪೆ’ ಲೇಖನದ್ದು! ಹಿಂದಿರುಗಿದ ಮೌಲ್ಯ ಫಾಲ್ಸ್, ಅಂದರೆ ಕೆಲಸ ಆಗಲಿಲ್ಲವೆಂದು. ಕಣ್ಣೆದುರೇ ಪುಟ ತೆರೆದಿರುವಾಗ ಅದು ಹೇಗೆ ಫಾಲ್ಸ್ ಆಗುತ್ತದೆಂದು ತಿಳಿಯುತ್ತಿಲ್ಲ. ಟರ್ಮಿನಲ್‌ನಲ್ಲಿ ಮೊದಲು ಯುಎನ್‌ಸಿ ಪಾತ್‌ಗಳಿಗೆ (ನೆಟ್‌ವರ್ಕ್ ಮಾದರಿಯ ಫೋಲ್ಡರ್ ವಿಳಾಸಗಳಿಗೆ) ಬೆಂಬಲವಿಲ್ಲವೆಂಬ ಎಚ್ಚರಿಕೆ ಬರುತ್ತದೆ. ಅದು ಯಾವಾಗಲೂ ಇರುವುದರಿಂದ ಅಲ್ಲಿ ಬರುವುದನ್ನು ಓದುವುದನ್ನೇ ಬಿಟ್ಟಿದ್ದೆ. ಈಗ ನೋಡಿದರೆ ಅದರ ಕೆಳಗೆ, ಆಕ್ಷನ್ ಎಂಬ ಆಜ್ಞೆ ತನಗೆ ಗೊತ್ತಿಲ್ಲವೆಂದು ಹೇಳುವ ಇನ್ನೊಂದು ಸಾಲಿದೆ.

ಕಪ್ಪುಪರದೆ

ಆ ಸಾಲಿನಲ್ಲೇ ಉತ್ತರವಿದೆ. ಟರ್ಮಿನಲ್ ತೆರೆದಾಗ ಓದಲಾಗುವ ನಿಮ್ಮ ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ, ಯಾವ ಬ್ರೌಸರ್ ಬಳಸಬೇಕೆಂದು ಪ್ರೋಗ್ರಾಮ್‌ಗಳಿಗೆ ತಿಳಿಸುವ ಬ್ರೌಸರ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ವಿಂಡೋಸ್‌ನ ಸಿಎಂಡಿ ಮತ್ತು ಅದರ ಸ್ಟಾರ್ಟ್ ಆಜ್ಞೆಯನ್ನು ಕೊಟ್ಟಿದ್ದೀರಿ, ಅಲ್ಲವೇ? ಪೈಥಾನ್ ಮೊದಲು ಆ ವೇರಿಯಬಲ್‌ನಲ್ಲಿ ಇರುವುದನ್ನೇ ಪ್ರಯತ್ನಿಸುತ್ತದೆ ಮತ್ತು ಶೆಲ್‌ನ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮ್) ನೆರವಿಲ್ಲದೆ ಪ್ರೋಗ್ರಾಮನ್ನು ನೇರವಾಗಿ ಕರೆಯುತ್ತದೆ. ಆದ್ದರಿಂದ ಉಬುಂಟುವಿನ ಶೆಲ್ ಆದ ಬ್ಯಾಶ್ ನಿಮ್ಮ ವಿಳಾಸವನ್ನು ಮುಟ್ಟುವುದಿಲ್ಲ. ಆದರೆ ಇಲ್ಲಿ ಕರೆಯಲಾಗುತ್ತಿರುವ ಸಿಎಂಡಿಯೇ ಇನ್ನೊಂದು ಶೆಲ್; ಅದರ ಪಾಲಿಗೆ & ಎಂದರೆ ಒಂದು ಆಜ್ಞೆ ಮುಗಿದು ಮುಂದಿನದು ಶುರುವಾಯಿತೆಂದು ಅರ್ಥ. ಹಾಗಾಗಿ ಅದು & ವರೆಗಿನ ಭಾಗವನ್ನು ಸ್ಟಾರ್ಟ್‌ಗೆ ಕೊಟ್ಟು ಲೇಖನವನ್ನು ತೆರೆಯುತ್ತದೆ, ಉಳಿದುದನ್ನು ಆಕ್ಷನ್ ಎಂಬ ಹೊಸ ಆಜ್ಞೆಯೆಂದು ಭಾವಿಸಿ ಹುಡುಕುತ್ತದೆ, ಸಿಗದೆ ಸೋಲುತ್ತದೆ. ಪೈಥಾನ್‌ಗೆ ತಲುಪುವುದು ಈ ಎರಡನೆಯ ಸೋಲಿನ ಸಂಕೇತ. ಪುಟ ತೆರೆದರೂ ಫಾಲ್ಸ್ ಬರುವುದು ಅದಕ್ಕೇ.

ಆ ಓಪನ್ ಫಂಕ್ಷನ್ ಟ್ರೂ ಎಂದರೂ ಪುಟ ಕಾಣಿಸಿತೆಂಬ ಖಾತರಿಯಿಲ್ಲ. ಪ್ರೋಗ್ರಾಮ್ ಹೊರಟಿತೇ, ಸೋಲಿನ ಸಂಕೇತ ಕೊಟ್ಟಿತೇ ಎಂಬುದಷ್ಟೇ ಅದಕ್ಕೆ ಗೊತ್ತು.

ತೆರೆದಕಿಟಕಿ

ಅಷ್ಟೇ ಆದರೆ & ಇಲ್ಲದ ವಿಳಾಸವನ್ನೇ ಬಳಸಬಹುದು. ಲೇಖನದ ಸಾಮಾನ್ಯ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅದರ ಮುಂದೆ ಆಕ್ಷನ್ ಭಾಗವನ್ನು ಬರೆದರೆ ಇತಿಹಾಸ ತೆರೆಯುತ್ತದೆ.

ಕಪ್ಪುಪರದೆ

ಇವತ್ತಿನ ಕೆಲಸ ಅದರಿಂದ ಆಗುತ್ತದೆ, ಒಪ್ಪುತ್ತೇನೆ. ಆದರೆ ನಾಳೆ ಎರಡು ಆವೃತ್ತಿಗಳನ್ನು ಹೋಲಿಸುವ ಲಿಂಕ್ ತೆರೆಯಬೇಕಾದಾಗ & ಮತ್ತೆ ಎದುರಾಗುತ್ತದೆ. ಪ್ರತಿ & ಚಿಹ್ನೆಗೂ ಮೊದಲು ^ ಚಿಹ್ನೆ ಸೇರಿಸಿದರೆ ಸಿಎಂಡಿ ಅದನ್ನು ಬರೀ ಅಕ್ಷರವೆಂದು ಓದುತ್ತದೆ, ಆದರೆ ವಿಳಾಸವನ್ನು ಹೀಗೆ ತಿದ್ದಿ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ; ಅದೇ ಸ್ಕ್ರಿಪ್ಟ್ ಅನ್ನು ಬೇರೆ ಲಿನಕ್ಸ್‌ನಲ್ಲಿ ಓಡಿಸಿದ ದಿನ ಆ ^ ವಿಳಾಸದಲ್ಲೇ ಉಳಿದುಬಿಡುತ್ತದೆ. ಸಿಎಂಡಿಯನ್ನೇ ನಡುವಿನಿಂದ ತೆಗೆದುಹಾಕಿ. ಬ್ರೌಸರ್ ವೇರಿಯಬಲ್‌ಗೆ ವಿಂಡೋಸ್‌ನ ಫೈರ್‌ಫಾಕ್ಸ್ ಪ್ರೋಗ್ರಾಮಿನ ಪೂರ್ತಿ ಪಾತ್ ಕೊಟ್ಟು, ಅದರ ಬಳಿಕ ಜಾಗ ಬಿಟ್ಟು, ವಿಳಾಸ ಬಂದು ಕೂರುವ ಗುರುತಾದ %ಎಸ್ ಹಾಕಿ, ಕೊನೆಯಲ್ಲಿ ಒಂದು ಜಾಗ ಬಿಟ್ಟು & ಬರೆಯಿರಿ. ಆ ಕೊನೆಯ & ಪೈಥಾನ್‌ಗಾಗಿ ಇರುವುದು; ಬ್ರೌಸರ್ ಮುಚ್ಚುವವರೆಗೆ ಕಾಯಬೇಡ ಎಂದು ಅದರ ಅರ್ಥ.

ಈಮ್ಯಾಕ್ಸ್‌ನಿವಾಸಿ

ನಾನು ಪೈಥಾನ್ ಬಳಸುವುದಿಲ್ಲ. ನನ್ನ ಟಿಪ್ಪಣಿ, ಮಿಂಚಂಚೆ, ದಿನಚರಿ ಎಲ್ಲವೂ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಳಗೇ ಇವೆ, ಅದರ ಆರ್ಗ್ ಟಿಪ್ಪಣಿ ಫೈಲ್‌ಗಳ ಲಿಂಕ್‌ಗಳನ್ನು ಅಲ್ಲಿಂದಲೇ ತೆರೆಯುತ್ತೇನೆ. ಆದರೂ ಈ ಚರ್ಚೆ ನನ್ನದೇ ಎನಿಸಿತು. ಈಮ್ಯಾಕ್ಸ್‌ನಲ್ಲಿ ಲಿಂಕ್ ತೆರೆಯುವ ಬ್ರೌಸ್-ಯುಆರ್‌ಎಲ್-ಜೆನೆರಿಕ್‌ಗೆ ನಾನೂ ಡಬ್ಲ್ಯೂಎಸ್‌ಎಲ್‌ನಲ್ಲಿ ಇದೇ ಸಿಎಂಡಿ ಮತ್ತು ಸ್ಟಾರ್ಟ್ ಜೋಡಿಯನ್ನು ಕೊಟ್ಟಿದ್ದೆ. ಉದ್ದದ ಲಿಂಕ್‌ಗಳು ತಪ್ಪು ಪುಟಕ್ಕೆ ಹೋಗುತ್ತಿದ್ದಾಗ ಆ ಜಾಲತಾಣಗಳನ್ನೇ ದೂರುತ್ತಿದ್ದೆ. ಈಗ ನೇರವಾಗಿ ಬ್ರೌಸರ್‌ನ ಪಾತ್ ಕೊಟ್ಟೆ, ಸರಿಹೋಯಿತು.

ಅಕ್ಷರಗಣಿತ

ಕಾರಣ ಬೇರೆಯೇ ಎಂದು ಒಪ್ಪುತ್ತೇನೆ. ಆದರೂ ಕೋಟ್ ಫಂಕ್ಷನ್ ಅನ್ನು ತೆಗೆಯಬೇಡಿ. ಶೀರ್ಷಿಕೆಯ ಒಳಗೇ & ಇದ್ದರೆ ಅದನ್ನು ಕಾಪಾಡುವುದು ಅದೊಂದೇ. ಹಾಗೆಯೇ ಈ ವಿಳಾಸಗಳನ್ನು ವಿಂಡೋಸ್ ಬ್ಯಾಚ್ ಫೈಲ್‌ನಲ್ಲಿ (ಸಿಎಂಡಿ ಆಜ್ಞೆಗಳ ಫೈಲ್) ಬರೆಯಬೇಡಿ. ಅಲ್ಲಿ % ಚಿಹ್ನೆಗಳ ನಡುವಿನದನ್ನು ವೇರಿಯಬಲ್‌ನ ಹೆಸರೆಂದು ಓದುವುದರಿಂದ ಕನ್ನಡದ ಬೈಟ್‌ಗಳು ಅಳಿಸಿಹೋಗುತ್ತವೆ.

ಹೊಂಗೆನೆರಳು

ಮೊದಲ ಪ್ರಯತ್ನ ಸೋತಿತು, ಏಕೆಂದರೆ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನ ಹೆಸರಿನ ನಡುವಿನ ಜಾಗದಲ್ಲಿ ಪಾತ್ ಎರಡು ತುಂಡಾಗಿತ್ತು. ಪಾತ್ ಅನ್ನು ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಟ್ಟು, ಇಡೀ ಮೌಲ್ಯವನ್ನು ಒಂಟಿ ಚಿಹ್ನೆಗಳಲ್ಲಿ ಸುತ್ತಿದ ಮೇಲೆ ‘ಹಂಪೆ’ಯ ಇತಿಹಾಸ ತೆರೆಯಿತು. ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಇನ್ನೊಂದು ಪ್ರಶ್ನೆ ಉಳಿದಿದೆ. ಸ್ಕ್ರಿಪ್ಟ್ ಕೊನೆಯಲ್ಲಿ ನನ್ನ ಹೋಮ್ ಫೋಲ್ಡರಿನಲ್ಲಿ ಒಂದು ಎಚ್‌ಟಿಎಂಎಲ್ ವರದಿಯನ್ನು ಬರೆಯುತ್ತದೆ. ಅದನ್ನು ಇದೇ ರೀತಿ ತೆರೆಯಲು ಹೋದರೆ ಫೈಲ್ ಸಿಗಲಿಲ್ಲವೆಂದು ಫೈರ್‌ಫಾಕ್ಸ್ ಹೇಳುತ್ತದೆ, ಫೈಲ್ ಅಲ್ಲೇ ಇದೆ.

ಕಪ್ಪುಪರದೆ

ಆ ಫೈರ್‌ಫಾಕ್ಸ್ ವಿಂಡೋಸ್‌ನದು. ಉಬುಂಟುವಿನ ಹೋಮ್ ಫೋಲ್ಡರಿನ ಪಾತ್ ಅದಕ್ಕೆ ಅರ್ಥವಾಗುವುದಿಲ್ಲ. ಡಬ್ಲ್ಯೂಎಸ್‌ಎಲ್‌ಪಾತ್ ಎಂಬ ಆಜ್ಞೆಗೆ ಡಬ್ಲ್ಯೂ ಆಯ್ಕೆಯೊಡನೆ ಆ ಪಾತ್ ಕೊಟ್ಟರೆ ವಿಂಡೋಸ್ ಓದಬಲ್ಲ ರೂಪ ಸಿಗುತ್ತದೆ. ಪೈಥಾನ್‌ನಿಂದ ಅದನ್ನು ಬೇರೆ ಪ್ರೋಗ್ರಾಮ್‌ಗಳನ್ನು ಓಡಿಸುವ ಸಬ್‌ಪ್ರೋಸೆಸ್ ಮಾಡ್ಯೂಲ್‌ನ ಮೂಲಕ ಕರೆದು, ಬಂದ ಉತ್ತರದ ಕೊನೆಯ ಹೊಸಸಾಲಿನ ಸಂಕೇತವನ್ನು ತೆಗೆದು, ಆಮೇಲೆ ಬ್ರೌಸರ್‌ಗೆ ಕೊಡಿ.

ಹೊಂಗೆನೆರಳು

ನಾಳೆ ಸಂಜೆ ಪ್ರಯತ್ನಿಸಿ, ಈ ಸಲ ಟರ್ಮಿನಲ್‌ನ ಪ್ರತಿ ಸಾಲನ್ನೂ ಓದಿ ತಿಳಿಸುತ್ತೇನೆ.