ಮಲೆನಾಡಿನಲ್ಲಿ ನಿಸರ್ಗದೃಶ್ಯ ಛಾಯಾಗ್ರಹಣವನ್ನೇ ವೃತ್ತಿಯಾಗಿ ನಂಬಬಹುದೇ?

ತುಂಗಾತೀರ (ತೀರ್ಥಹಳ್ಳಿ) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಫೋಟೋ ತೆಗೆಯುವ ಕೆಲಸ ಮಾಡುತ್ತಿದ್ದೇನೆ. ಬಿಡುವು ಸಿಕ್ಕಾಗಲೆಲ್ಲ ಕುಂದಾದ್ರಿ, ಕವಲೇದುರ್ಗ, ಆಗುಂಬೆಯ ಕಡೆಗೆ ಹೋಗಿ ಬೆಟ್ಟ, ಹೊಳೆ, ಮಂಜಿನ ಚಿತ್ರ ತೆಗೆಯುತ್ತೇನೆ. ಅದನ್ನೇ ಪೂರ್ಣಾವಧಿಯ ವೃತ್ತಿಯಾಗಿ ಮಾಡಿಕೊಳ್ಳಬೇಕೆಂಬ ಆಸೆ ಬಹಳ ಕಾಲದಿಂದ ಇದೆ. ಮನೆಯಲ್ಲಿ ಅಡಿಕೆ ತೋಟವಿದ್ದರೂ ಅದರ ಆದಾಯ ಅಪ್ಪ, ಅಮ್ಮ ಮತ್ತು ಅಣ್ಣನ ಸಂಸಾರಕ್ಕೇ ಸರಿಹೋಗುತ್ತದೆ. ನನ್ನ ಖರ್ಚನ್ನು ನಾನೇ ದುಡಿದುಕೊಳ್ಳಬೇಕು.

ನಿಸರ್ಗದೃಶ್ಯಗಳಿಂದ ಬದುಕುವವರಿಗೆ ಹಣ ನಿಜವಾಗಿ ಯಾವ ದಾರಿಯಿಂದ ಬರುತ್ತದೆ, ಅವರ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು. ನನ್ನ ಬಳಿ ಇರುವುದು 24 ಮೆಗಾಪಿಕ್ಸೆಲ್ ಕ್ಯಾಮೆರಾ. ದೊಡ್ಡ ಮುದ್ರಣಗಳಿಗೆ ಅದು ಸಾಲದು, ಸಾಲ ಮಾಡಿಯಾದರೂ ಬೇರೆಯದನ್ನು ಕೊಳ್ಳಬೇಕು ಎಂದು ಗೆಳೆಯರು ಹೇಳುತ್ತಿದ್ದಾರೆ. ಇನ್ನೊಂದು ವಿಷಯವೆಂದರೆ, ಹೊಸನಗರದ ಕಡೆಯ ರೆಸಾರ್ಟ್ ಒಂದರವರು ವರ್ಷವಿಡೀ ಆಗಾಗ ಬಂದು ಸುತ್ತಲಿನ ದೃಶ್ಯಗಳನ್ನು ತೆಗೆದುಕೊಡಲು ಕೇಳಿದ್ದಾರೆ. ತೆಗೆದ ಫೈಲುಗಳನ್ನೆಲ್ಲ ತಮಗೇ ಒಪ್ಪಿಸಬೇಕು ಎಂಬುದು ಅವರ ಷರತ್ತು. ಇದಕ್ಕೆ ಒಪ್ಪಿಕೊಳ್ಳಬಹುದೇ?

ಶರಾವತಿ ಕಣಿವೆ (ಸಾಗರ) ಅವರ ಉತ್ತರ

ಇದೇ ವೃತ್ತಿಯಲ್ಲಿ ತಲೆ ನರೆತವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಒಂದು ಅಪೂರ್ವ ಚಿತ್ರ ಮಾರಾಟವಾಗಿ ಅದರಿಂದಲೇ ಸಂಸಾರ ಸಾಗುವುದು ಬಹಳ ಅಪರೂಪ. ಈ ವೃತ್ತಿಯಲ್ಲಿ ಅನ್ನ ಹಾಕುವುದು ಸಂಗ್ರಹ. ಒಂದೇ ಸೀಮೆಯನ್ನು ಎಲ್ಲ ಕಾಲಗಳಲ್ಲೂ ಮತ್ತೆ ಮತ್ತೆ ತೆಗೆದು, ಪ್ರತಿ ಚಿತ್ರಕ್ಕೂ ಊರು, ತಿಂಗಳು, ಹೊಳೆಯ ಅಥವಾ ಬೆಟ್ಟದ ಹೆಸರು ಬರೆದು ಜೋಡಿಸಿಟ್ಟುಕೊಂಡವರಿಗೆ, ‘ನಾಟಿ ಮುಗಿದ ಗದ್ದೆ, ಹಿಂದೆ ಮೋಡ ಕವಿದ ಬೆಟ್ಟ ಇರುವ ಚಿತ್ರ ಇವತ್ತೇ ಬೇಕು’ ಎಂದು ಪತ್ರಿಕೆಯವರು ಫೋನ್ ಮಾಡಿದ ದಿನ ಅದನ್ನು ಹುಡುಕಿ ಕಳುಹಿಸುವುದು ಕಷ್ಟವಾಗುವುದಿಲ್ಲ. ಹೋಂಸ್ಟೇಗಳು, ರೆಸಾರ್ಟುಗಳು, ಸಹಕಾರ ಸಂಘಗಳ ಕ್ಯಾಲೆಂಡರುಗಳು, ಆಸ್ಪತ್ರೆ ಮತ್ತು ಹೋಟೆಲುಗಳ ಗೋಡೆಗೆ ಬೇಕಾಗುವ ಚೌಕಟ್ಟು ಹಾಕಿದ ಮುದ್ರಣಗಳು, ಮಳೆಗಾಲದಲ್ಲಿ ಬೆಂಗಳೂರಿನಿಂದ ಬರುವ ಹವ್ಯಾಸಿಗಳಿಗೆ ನಡೆಸುವ ಶಿಬಿರಗಳು, ಹೀಗೆ ಹಣ ಹನಿ ಹನಿಯಾಗಿ ಹಲವು ಕಡೆಯಿಂದ ಬರುತ್ತದೆ. ಯೊಸೆಮಿಟಿಯ ಬೆಟ್ಟಗಳ ಚಿತ್ರಗಳಿಂದ ಲೋಕಪ್ರಸಿದ್ಧರಾದ ಅಮೆರಿಕದ ಆನ್ಸೆಲ್ ಆಡಮ್ಸ್ ಅವರು ಸಹ ದಶಕಗಳ ಕಾಲ ಕಂಪನಿಗಳಿಗೂ ಪತ್ರಿಕೆಗಳಿಗೂ ವಾಣಿಜ್ಯ ಕೆಲಸ ಮಾಡಿಕೊಡುತ್ತಲೇ ತಮ್ಮ ಸ್ವಂತ ಕೆಲಸವನ್ನು ಉಳಿಸಿಕೊಂಡರು.

ಆದ್ದರಿಂದ ಮದುವೆಯ ಕೆಲಸವನ್ನು ಒಮ್ಮೆಲೇ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಪಂಚಾಂಗವೇ ನಿಮಗೆ ಅನುಕೂಲ ಮಾಡಿಕೊಟ್ಟಿದೆ. ಆಷಾಢದಲ್ಲಿ ಮದುವೆಗಳಿಲ್ಲ, ಮುಂಗಾರು ಬಿರುಸಾಗಿ ಹಳ್ಳಕೊಳ್ಳಗಳು ತುಂಬುವುದೂ ಆ ಹೊತ್ತಿಗೇ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಆಗಲೂ ಮುಹೂರ್ತಗಳಿಲ್ಲ. ಹಿನ್ನೀರಿನ ಮೇಲೆ, ತೋಟದ ಕಣಿವೆಗಳಲ್ಲಿ ಬೆಳಗಿನ ಇಬ್ಬನಿ ದಟ್ಟವಾಗಿ ನಿಲ್ಲುವ ದಿನಗಳು ಅವು. ಈ ಎರಡು ಬಿಡುವುಗಳನ್ನು ಬೇರೆ ಯಾವ ಕೆಲಸಕ್ಕೂ ಒತ್ತೆಯಿಡದೆ ನಿಸರ್ಗಕ್ಕೇ ಮೀಸಲಿಡಿ. ಮಾಘದಿಂದ ವೈಶಾಖದವರೆಗಿನ ಮದುವೆಯ ಸುಗ್ಗಿಯಲ್ಲಿ ಹೇಗೂ ಆಕಾಶ ಧೂಳು ಹೊಗೆಗಳಿಂದ ಮಸುಕಾಗಿರುತ್ತದೆ, ದೂರದ ಬೆಟ್ಟಸಾಲು ಸರಿಯಾಗಿ ಕಾಣುವುದೇ ಇಲ್ಲ. ಬೇಸಿಗೆಯ ಕೊನೆಯಲ್ಲಿ ಲಿಂಗನಮಕ್ಕಿಯ ನೀರು ತಳಕ್ಕಿಳಿದಾಗ, ಮುಳುಗಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಮರದ ಬೊಡ್ಡೆಗಳೂ ಹೊರಗೆ ಕಾಣಿಸಿಕೊಳ್ಳುವುದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಈ ಕೆಲಸದಲ್ಲಿ ಕ್ಯಾಮೆರಾ ಹಿಡಿಯುವುದಕ್ಕಿಂತ ಕಾಯುವುದೂ ಲೆಕ್ಕ ಹಾಕುವುದೂ ಹೆಚ್ಚು. ಜೋಗವನ್ನೇ ತೆಗೆದುಕೊಳ್ಳಿ. ಶರಾವತಿ ಅಲ್ಲಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ ಎಂಬುದನ್ನು ಎಲ್ಲರೂ ಶಾಲೆಯಲ್ಲೇ ಓದಿರುತ್ತಾರೆ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಮೇಲ್ಭಾಗದಲ್ಲಿ ನೀರನ್ನು ವಿದ್ಯುತ್ತಿಗಾಗಿ ಹಿಡಿದಿಡುವುದರಿಂದ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಮೈತುಂಬಿ ಬೀಳುವುದು ಒಳ್ಳೆಯ ಮಳೆಯ ದಿನಗಳಲ್ಲಿ ಮಾತ್ರ. ಆದ್ದರಿಂದ ಜೂನ್ ತಿಂಗಳಿನಿಂದಲೇ ಪತ್ರಿಕೆಯಲ್ಲಿ ಬರುವ ಜಲಾಶಯಗಳ ಮಟ್ಟವನ್ನು ದಿನವೂ ನೋಡುತ್ತಿರಬೇಕು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಅದು ಹತ್ತಿರವಾದಂತೆ ಗೇಟು ತೆರೆಯುವ ಸೂಚನೆ ಬರುತ್ತದೆ. ಅಲ್ಲಿಗೆ ಹೋದ ಮೇಲೂ ಕಣಿವೆಯಿಂದ ಏಳುವ ಮಂಜು ಇಡೀ ಜಲಪಾತವನ್ನು ಮುಚ್ಚಿಬಿಡುತ್ತದೆ. ಸದ್ದು ಮಾತ್ರ ಕೇಳಿಸುತ್ತಿರುತ್ತದೆ. ಟ್ರೈಪಾಡ್ ನಿಲ್ಲಿಸಿ, ಕೊಡೆಯನ್ನು ಗಾಳಿಗೆ ಎದುರಾಗಿ ಹಿಡಿದು, ಲೆನ್ಸಿನ ಮುಂದಿನ ಗಾಜನ್ನು ಒಣಬಟ್ಟೆಯಿಂದ ಪದೇ ಪದೇ ಒರೆಸುತ್ತಾ, ಎಕ್ಸ್‌ಪೋಷರನ್ನೂ ಫೋಕಸನ್ನೂ ಮೊದಲೇ ಗೊತ್ತುಮಾಡಿಕೊಂಡು ನಿಂತಿರಬೇಕು, ಏಕೆಂದರೆ ಮಂಜು ಸರಿದು ಮತ್ತೆ ಕವಿಯುವ ಆ ಸ್ವಲ್ಪ ಹೊತ್ತಿನಲ್ಲಿ ಯೋಚಿಸುವುದಕ್ಕೆ ಸಮಯವಿರುವುದಿಲ್ಲ. ನೀರಿನ ಎಳೆಗಳು ಉಳಿಯಬೇಕಾದರೆ ಷಟರ್ ಕಾಲು ಸೆಕೆಂಡಿನ ಆಸುಪಾಸಿನಲ್ಲಿರಲಿ. ಹಲವು ಸೆಕೆಂಡು ತೆರೆದಿಟ್ಟರೆ ಅಷ್ಟು ದೊಡ್ಡ ಪ್ರವಾಹದ ರಭಸವೆಲ್ಲ ಹೋಗಿ ಬಿಳಿಯ ಪರದೆಯಷ್ಟೇ ಕಾಣುತ್ತದೆ.

ಕಾಡಿನೊಳಗೆ ಪೋಲರೈಸರ್ ಫಿಲ್ಟರನ್ನು ಮರೆಯಬೇಡಿ. ಮಳೆ ನಿಂತ ಮೇಲೆ ಎಲೆಗಳ ಮೇಲೆ ಆಕಾಶದ ಬೆಳಕು ಬಿದ್ದು ಬೆಳ್ಳಗೆ ಹೊಳೆಯುತ್ತಿರುತ್ತದೆ. ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಾ ಬಂದರೆ ಒಂದು ಹಂತದಲ್ಲಿ ಆ ಹೊಳಪು ಕಳೆದು ಒಳಗಿನ ಹಸಿರು, ಕಾಂಡದ ಮೇಲಿನ ಹಾವಸೆಯ ಬಣ್ಣ ಎಲ್ಲ ಮೇಲೆದ್ದು ಬರುತ್ತವೆ. ಕಂಪ್ಯೂಟರಿನಲ್ಲಿ ಎಷ್ಟೇ ತಿದ್ದಿದರೂ ಇದನ್ನು ಪೂರ್ತಿಯಾಗಿ ತರಲು ಆಗುವುದಿಲ್ಲ.

ಅಚ್ಚುಮನೆ (ಶಿವಮೊಗ್ಗ) ಅವರ ಉತ್ತರ

ನಾನು ಮುದ್ರಣಾಲಯದಲ್ಲಿ ವಿನ್ಯಾಸದ ಕೆಲಸ ಮಾಡುವವಳು. ಚಿತ್ರಗಳನ್ನು ಕೊಳ್ಳುವವರ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಸಾಲ ಮಾಡಿ ಕ್ಯಾಮೆರಾ ಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ. ನಿಮ್ಮ ಕ್ಯಾಮೆರಾದ ಚಿತ್ರ ಸುಮಾರು 6000 ಪಿಕ್ಸೆಲ್ ಉದ್ದ, 4000 ಪಿಕ್ಸೆಲ್ ಅಗಲ ಇರುತ್ತದೆ. ಅದನ್ನು 36 ಇಂಚು ಉದ್ದ, 24 ಇಂಚು ಅಗಲಕ್ಕೆ ಮುದ್ರಿಸಿದರೆ ಇಂಚಿಗೆ ಸುಮಾರು 166 ಪಿಕ್ಸೆಲ್ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಪುಸ್ತಕಕ್ಕೆ 300 ಬೇಕೆಂಬುದು ನಿಜ, ಆದರೆ ಗೋಡೆಯ ಮೇಲಿನ ಅಷ್ಟು ದೊಡ್ಡ ಚಿತ್ರವನ್ನು ಜನ ನಾಲ್ಕೈದು ಅಡಿ ದೂರದಿಂದ ನೋಡುವುದರಿಂದ 150 ಇದ್ದರೂ ಕೊರತೆ ಕಾಣುವುದಿಲ್ಲ. ನಮ್ಮಲ್ಲಿ ಚಿತ್ರಗಳು ತಿರಸ್ಕೃತವಾಗುವುದು ಟ್ರೈಪಾಡ್ ಅಲುಗಿ ಅಂಚುಗಳು ಮಸುಕಾದಾಗ ಅಥವಾ ಬಣ್ಣವನ್ನು ಅತಿಯಾಗಿ ಏರಿಸಿದಾಗ. ಪರದೆಯ ಮೇಲೆ ಕಣ್ಣು ಕುಕ್ಕುವ ಹಸಿರು ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದ ವ್ಯಾಪ್ತಿಯೊಳಗೆ ಬರುವುದೇ ಇಲ್ಲ. ಅದು ಕಾಗದದ ಮೇಲೆ ಮಂಕಾಗಿ ಕೂರುತ್ತದೆ, ಗಿರಾಕಿ ನಮ್ಮನ್ನು ದೂರುತ್ತಾರೆ. ಮಲೆನಾಡಿನ ಚಿತ್ರಗಳಲ್ಲಿ ಮುಕ್ಕಾಲು ಪಾಲು ಹಸಿರೇ ಇರುವುದರಿಂದ ಈ ಮಾತನ್ನು ವಿಶೇಷವಾಗಿ ಹೇಳಬೇಕಾಯಿತು.

ಮುಂದಿನ ವರ್ಷದ ಕ್ಯಾಲೆಂಡರಿನ ಚಿತ್ರಗಳನ್ನು ನಾವು ದಸರಾ ಹೊತ್ತಿಗೆ ಆರಿಸಿ ಮುಗಿಸುತ್ತೇವೆ. ಜನವರಿಯ ಪುಟಕ್ಕೆ ಬೇಕಾದ ಇಬ್ಬನಿಯ ಚಿತ್ರ ಅಷ್ಟರಲ್ಲಿ ನಿಮ್ಮ ಬಳಿ ಇರಲೇಬೇಕು, ಅಂದರೆ ಹಿಂದಿನ ಚಳಿಗಾಲದಲ್ಲೇ ತೆಗೆದಿರಬೇಕು. ಸಾಗರದ ಹಿರಿಯರು ಸಂಗ್ರಹದ ಬಗ್ಗೆ ಹೇಳಿದ್ದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಪ್ರತಿ ಸ್ಥಳದಲ್ಲೂ ಅಡ್ಡವಾಗಿ ಒಂದು, ಉದ್ದವಾಗಿ ಒಂದು ಚಿತ್ರ ತೆಗೆದುಕೊಳ್ಳಿ; ಹೆಸರು ಅಥವಾ ದಿನಾಂಕ ಕೂರಿಸಲು ಆಕಾಶದಲ್ಲೋ ನೀರಿನಲ್ಲೋ ಖಾಲಿ ಜಾಗ ಬಿಡಿ. ಎಷ್ಟೋ ಸುಂದರ ಚಿತ್ರಗಳನ್ನು ಈ ಒಂದೇ ಕಾರಣಕ್ಕೆ ಬದಿಗಿಡಬೇಕಾಗಿ ಬಂದು ನನಗೆ ನಿಜವಾಗಿಯೂ ಸಂಕಟವಾಗಿದೆ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಗದ್ದೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಾಟಿ ಮಾಡುತ್ತಿರುವ ಹೆಂಗಸರಿಗೆ ಗೊರಬು (ಹಿಂದಿನ ಕಾಲದ ಮಳೆಹೊದಿಕೆ) ಕೊಟ್ಟು ನಿಲ್ಲಿಸಿ ತೆಗೆದ ಚಿತ್ರಗಳು ಈಚೆಗೆ ಬಹಳ ಬರುತ್ತಿವೆ. ನಮ್ಮ ಊರು ಈಗ ಹೇಗಿದೆಯೋ ಹಾಗೆಯೇ ತೋರಿಸುವವರು ಬೇಕು. ಅವರ ಒಪ್ಪಿಗೆ ಕೇಳಿ, ಅವರು ಇರುವಂತೆಯೇ ತೆಗೆಯಿರಿ.

ಕರಾರುಪತ್ರ (ಶಿವಮೊಗ್ಗ) ಅವರ ಉತ್ತರ

ರೆಸಾರ್ಟಿನ ಷರತ್ತಿನ ಬಗ್ಗೆ ಯಾರೂ ಹೇಳಿಲ್ಲ. ನಾನು ವಕೀಲನಾದ್ದರಿಂದ ಆ ಭಾಗಕ್ಕೆ ಉತ್ತರಿಸುತ್ತೇನೆ. ನೀವಾಗಿಯೇ ಹೋಗಿ ತೆಗೆದ ಚಿತ್ರದ ಹಕ್ಕುಸ್ವಾಮ್ಯ ನಿಮ್ಮದೇ. ಅದು ನಿಮ್ಮ ಜೀವಿತಕಾಲವಿಡೀ, ಆಮೇಲೆ ನಿಧನರಾದ ವರ್ಷದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಉಳಿಯುತ್ತದೆ. ಆದರೆ ಇನ್ನೊಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು ಎಂದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ಕ್ಯಾಮೆರಾ ನಿಮ್ಮದು, ಫೈಲುಗಳ ಪ್ರತಿ ನಿಮ್ಮ ಬಳಿಯೂ ಇದೆ ಎಂಬುದರಿಂದ ಇದು ಬದಲಾಗುವುದಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಂಡರೆ ವರ್ಷವಿಡೀ ನೀವು ತೆಗೆದದ್ದೆಲ್ಲ ಅವರದಾಗುತ್ತದೆ, ನಿಮ್ಮ ಸಂಗ್ರಹಕ್ಕೆ ಏನೂ ಸೇರುವುದಿಲ್ಲ.

ಆದ್ದರಿಂದ ಹಕ್ಕುಸ್ವಾಮ್ಯ ಛಾಯಾಗ್ರಾಹಕರದ್ದೇ, ರೆಸಾರ್ಟಿಗೆ ತನ್ನ ಜಾಲತಾಣ, ಕರಪತ್ರ ಮತ್ತು ಕೊಠಡಿಗಳ ಗೋಡೆಗಳಲ್ಲಿ ಇಂತಿಷ್ಟು ವರ್ಷ ಬಳಸಲು ಪರವಾನಗಿ ಕೊಡಲಾಗಿದೆ ಎಂದು ಮೊದಲೇ ಬರೆಸಿ ಇಬ್ಬರೂ ಸಹಿ ಮಾಡಿ. ಅವರು ಪೂರ್ಣ ಹಕ್ಕನ್ನೇ ಕೇಳಿದರೆ ಅದಕ್ಕೆ ಬೇರೆ, ಹೆಚ್ಚಿನ ಬೆಲೆ ಹೇಳಿ, ಅವಧಿಯನ್ನೂ ನಮೂದಿಸಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಕಾಣಿಸದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಪರಿಗಣಿಸುತ್ತದೆ. ಹಕ್ಕನ್ನು ಕೊಟ್ಟ ಮೇಲೂ ಚಿತ್ರ ತೆಗೆದವರು ತಾವೇ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಉಳಿಸಿಕೊಡುತ್ತದೆ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 17ನೆಯ ಕಲಮಿನ ವಿಷಯ ನನಗೆ ತಿಳಿದೇ ಇರಲಿಲ್ಲ, ಸರ್. ಬರವಣಿಗೆಯಲ್ಲಿ ಕೊಡುವಂತೆ ಅವರನ್ನು ಕೇಳುತ್ತೇನೆ. ಕೊಡಚಾದ್ರಿಯ ಚಿತ್ರಗಳೂ ಡ್ರೋನಿನಿಂದ ತೆಗೆದ ದೃಶ್ಯಗಳೂ ಬೇಕು ಎಂದು ಅವರು ಹೇಳಿದ್ದರು. ಅದಕ್ಕೆ ಅನುಮತಿ ಯಾರಿಂದ ಪಡೆಯಬೇಕು?

ಶರಾವತಿ ಕಣಿವೆ (ಸಾಗರ)

1343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮಕ್ಕೆ ಸೇರಿದ್ದು. ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕಾಗಿ ಪ್ರವೇಶಿಸಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ಕಲಮಿನಂತೆ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರದು. ಪ್ರವಾಸಿಯಾಗಿ ಟಿಕೆಟ್ ಪಡೆದು ಹತ್ತುವುದೇ ಬೇರೆ, ವಾಣಿಜ್ಯ ಉದ್ದೇಶಕ್ಕೆ ಚಿತ್ರ ತೆಗೆಯುವುದೇ ಬೇರೆ; ಅರ್ಜಿಯಲ್ಲಿ ಉದ್ದೇಶವನ್ನು ಮುಚ್ಚಿಡದೆ ಬರೆಯಿರಿ. ಶೆಟ್ಟಿಹಳ್ಳಿಗೂ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೂ ಇದೇ ಕ್ರಮ. ಕಾಗದ ಬರಲು ಸಮಯ ಹಿಡಿಯುವುದರಿಂದ ಮಳೆಗಾಲದ ಕೆಲಸಕ್ಕೆ ಬೇಸಿಗೆಯಲ್ಲೇ ಅರ್ಜಿ ಹಾಕುವುದು ವಾಡಿಕೆ.

ಅಭಯಾರಣ್ಯದ ಮೇಲೆ ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಡ್ರೋನ್ ಹಾರಿಸಲೇಬೇಡಿ. ಬಂಡೆಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಅದರಿಂದ ಆಗುವ ತೊಂದರೆ ಸಣ್ಣದಲ್ಲ. ಬೇರೆ ಕಡೆಗಳಲ್ಲಿ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂಗಿಂತ ಭಾರವಾದ ಡ್ರೋನನ್ನು ಸಂಪಾದನೆಗಾಗಿ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಮತ್ತು ಹಾರಿಸುವ ಮೊದಲು, ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂದು ಬಣ್ಣಗಳಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ವಲಯದ ಬಣ್ಣ ನೋಡಬೇಕು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಶಿವಮೊಗ್ಗದ ಸುತ್ತಮುತ್ತಲೂ ಇದನ್ನು ಪರಿಶೀಲಿಸುವುದು ಅನಿವಾರ್ಯವಾಗಿದೆ. ಪ್ರಮಾಣಪತ್ರ ಕೈಗೆ ಬರುವವರೆಗೆ ರೆಸಾರ್ಟಿನ ಕರಾರಿನಲ್ಲಿ ಡ್ರೋನ್ ಕೆಲಸವನ್ನು ಸೇರಿಸಬೇಡಿ. ನೆಲದ ಮೇಲೆ ನಿಂತು ತೆಗೆಯುವ ಚಿತ್ರಗಳಿಗಷ್ಟೇ ದರ ಹೇಳಿ.